ವಿದ್ಯಾರಂಭಕಾಲದಲ್ಲಿ ಅಭ್ಯಾಸದ ಕ್ರಮ

(ಮಹೋತ್ಸವದ ಅಂಗವಾಗಿ ಸೇರಿದ್ದ ವಿದ್ಯಾರ್ಥಿಗಳ ಮತ್ತು ಪೋಷಕರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಬೇಸಗೆಯ ಬಿಡುವು ಮುಗಿದು, ಮೇ ತಿಂಗಳ ಕೊನೆಯ ವೇಳೆಗೆ ನಮ್ಮ ಶಾಲೆಗಳ ಬಾಗಿಲು ತೆರೆಯುವುದು. ಆಗ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಪೇಟೆಬೀದಿಗಳಲ್ಲಿ ಪುಸ್ತಕ, ಚೀಲ, ಉಡುಪುಗಳ ವ್ಯಾಪಾರವು ಭರದಿಂದ ನಡೆಯುವುದು. ತಂದೆತಾಯಿಗಳು ಸಾಲಮಾಡಿಯಾದರೂ ಮಕ್ಕಳಿಗೆ ಇವನ್ನು ಒದಗಿಸುವರು. ಇದು ಶ್ಲಾಘ್ಯವೇ ಸರಿ. ಆದರೆ ಯಾವ ಅಂಗಡಿಯಲ್ಲಿಯೂ ದೊರೆಯದೆ, ಮನೆಯಲ್ಲಿಯೇ ಸಿದ್ಧವಾಗಬೇಕಾದ ಸಾಧನವೊಂದುಂಟು. ಅದೇ ಅಭ್ಯಾಸ. ಅದಕ್ಕೆ ಹಣ ಬೇಡ. ತಂದೆತಾಯಿಗಳಿಗೆ ಅಕ್ಷರಜ್ಞಾನವೇ ಇರಬೇಕೆಂಬ ನಿರ್ಬಂಧವೂ ಇಲ್ಲ. ಈ ಎರಡನೆಯ ಮಾತನ್ನು ಸ್ಥಾಪಿಸುವುದೇ ಈ ಉಪನ್ಯಾಸದ ಉದ್ದೇಶವು.

ಅಭ್ಯಾಸವೆಂಬ ಶಬ್ದವನ್ನೇ ವಿಚಾರಮಾಡಿರಿ. ಕನ್ನಡದಲ್ಲಿ ಓದಿಗೂ ಅದೇ ಹೆಸರು, ರೂಢಿಗೂ ಅದೇ ಹೆಸರು. ಸಂಸ್ಕೃತ ವ್ಯಾಕರಣದಲ್ಲಿ ಧಾತುವು ಇಮ್ಮಡಿಯಾಗಿ ಬಂದಾಗ ಅದರ ಮೊದಲನೆಯ ಭಾಗಕ್ಕೆ ಪಾಣಿನಿಯು ಅಭ್ಯಾಸವೆಂದೇ ಸಂಜ್ಞೆಯನ್ನಿತ್ತಿರುವನು. ಮರಳಿ ಮರಳಿ ಮಾಡುವುದು ಎಂಬುದೇ ಇದರ ತಿರುಳು. ಒಂದು ದಿನ ಆರು ಗಂಟೆ ಓದಿ ಐದು ದಿನ ಪುಸ್ತಕವನ್ನು ಕಟ್ಟಿಡುವವನು ಓದಿದವನೆನಿಸಬಹುದು, ಅಭ್ಯಾಸಮಾಡಿದವನೆನಿಸಲಾರನು.

ನಮ್ಮ ಹಳೆಯ ಪಾಠಶಾಲೆಗಳ ಕ್ರಮವು ಈ ತತ್ತ್ವದ ಮೇಲೆಯೇ ನಿಂತಿತ್ತು. ಕೂಲಿಮಠದ ಹುಡುಗನು ಮರಳಿನ ಮೇಲೆ ಬೆರಳಿನಿಂದ ಒಂದೇ ಅಕ್ಷರವನ್ನು ತಿದ್ದಿ ತಿದ್ದಿ ಕಲಿಯುತ್ತಿದ್ದನು. ಸಂಜೆ ಮಕ್ಕಳೆಲ್ಲರೂ ಕೂಡಿ ಮಗ್ಗಿ ಹೇಳಿ ಮನೆಗೆ ಹೋಗುತ್ತಿದ್ದರು. ಸಂಸ್ಕೃತ ಪಾಠಶಾಲೆಯಲ್ಲಿ ಶಬ್ದವನ್ನೂ ಅಮರಕೋಶವನ್ನೂ ದಿನಕ್ಕೆ ಸ್ವಲ್ಪಸ್ವಲ್ಪವಾಗಿ ಹೇಳಿಕೊಡುತ್ತಿದ್ದರು. ನಿನ್ನೆಯ ಪಾಠವನ್ನು ಒಪ್ಪಿಸಿದ ಹೊರತು ಇಂದಿನ ಪಾಠವಿಲ್ಲವೆಂಬುದು ಕಟ್ಟಳೆ. ಆ ಕಾಲದ ಬೆತ್ತ, ಕೋದಂಡಗಳನ್ನು ಯಾರೂ ಮರಳಿ ಬಯಸಬಾರದು. 2009ರ ಶಿಕ್ಷಣಹಕ್ಕಿನ ಶಾಸನವು ಮಕ್ಕಳನ್ನು ದಂಡಿಸುವುದನ್ನು ನಿಷೇಧಿಸಿರುವುದು ಯುಕ್ತವೇ ಆಗಿದೆ. ಅರ್ಥವರಿಯದ ಕಂಠಪಾಠವನ್ನೂ ನಾನು ಹೊಗಳುವವನಲ್ಲ. ಆದರೆ ಬೆತ್ತವನ್ನು ಬಿಡುವಾಗ ಒಪ್ಪಿಸುವುದನ್ನೂ ಬಿಟ್ಟುದು ನಷ್ಟವೆಂದು ಹೇಳದೆ ಇರಲಾರೆನು.

ಇದು ಹಳಬರ ಮೋಹವೆಂದು ಯಾರಾದರೂ ಭಾವಿಸಬಹುದು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಂಪುಗಳನ್ನು ತಾನೇ ಬಾಯಿಪಾಠಮಾಡಿ ಪರೀಕ್ಷಿಸಿ, ಕಲಿತುದರ ಬಹುಭಾಗವು ಮೊದಲನೆಯ ದಿನದಲ್ಲಿಯೇ ಜಾರಿಹೋಗುವುದೆಂದೂ, ಬಿಟ್ಟುಬಿಟ್ಟು ಮರಳಿ ಓದುವುದರಿಂದ ಅದು ನಿಲ್ಲುವುದೆಂದೂ 1885ರಲ್ಲಿ ಪ್ರಕಟಿಸಿದನು. 2006ರಲ್ಲಿ ಅಮೆರಿಕದ ಇಬ್ಬರು ಮನಶ್ಶಾಸ್ತ್ರಜ್ಞರು ಇನ್ನೊಂದನ್ನು ತೋರಿಸಿದರು. ಪಾಠವನ್ನು ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷಗಳಾದ ಮೇಲೆ ಹೆಚ್ಚು ನೆನಪಿದ್ದಿತು. ಓದಿದುದನ್ನು ಪುಸ್ತಕ ನೋಡದೆ ನೆನೆದು ಬರೆದವರಿಗೆ ವಾರವಾದ ಮೇಲೆ ಹೆಚ್ಚು ನೆನಪಿದ್ದಿತು. ನಮ್ಮ ಹಿರಿಯರು ಪಾಠ ಒಪ್ಪಿಸುವುದೆಂದು ಕರೆದುದು ಇದನ್ನೇ ಅಲ್ಲವೆ?

ವರ್ಷಾರಂಭದ ದಿನಗಳಿಗೆ ಏಕೆ ಇಷ್ಟು ಮಹತ್ತ್ವವೆಂಬುದನ್ನು ನಮ್ಮ ನೇಕಾರ ಬಂಧುಗಳು ನನಗಿಂತ ಚೆನ್ನಾಗಿ ಬಲ್ಲರು. ಮಗ್ಗದ ಮೇಲೆ ಮೊದಲು ಹಾಸು ಹೂಡಬೇಕು, ಆಮೇಲೆ ಹೊಕ್ಕು. ಹಾಸಿನ ಒಂದು ಎಳೆಯು ಕಡಿದಾಗ ಕೂಡಲೆ ಗಂಟುಹಾಕದಿದ್ದರೆ, ಆ ದೋಷವು ಬಟ್ಟೆಯುದ್ದಕ್ಕೂ ಗೆರೆಯಾಗಿ ಓಡುವುದು. ಹಿಂದಿನ ತರಗತಿಯ ಕೂಡುವ ಕಳೆಯುವ ಲೆಕ್ಕವು ಬಾರದ ಹುಡುಗನಿಗೆ ಈ ವರ್ಷದ ಭಾಗಾಕಾರವು ಹೇಗೆ ಬಂದೀತು? ಈ ಕಾರಣದಿಂದಲೇ ನಮ್ಮ ಶಾಲೆಗಳಲ್ಲಿ ವರ್ಷಾರಂಭಕ್ಕೆ ಸೇತುಬಂಧವೆಂಬ ಹೆಸರಿನಿಂದ ಹಿಂದಿನ ಪಾಠಗಳನ್ನು ಮರಳಿ ನೋಡಿಸುವರು. ಹಲವರು ಇದನ್ನು ಪಾಠವಿನ್ನೂ ಮೊದಲಾಗದ ದಿನಗಳೆಂದು ತಿಳಿದು ಮಕ್ಕಳನ್ನು ನೆಂಟರ ಮನೆಯಲ್ಲಿಯೇ ಉಳಿಸಿಕೊಳ್ಳುವರು. ಕಡಿದ ಎಳೆಯನ್ನು ಗಂಟುಹಾಕುವ ದಿನಗಳೇ ಅವು.

ಅಭ್ಯಾಸವು ತಪ್ಪಿದರೆ ಆಗುವ ಹಾನಿಯನ್ನು ಈಚೆಗೆ ಕಣ್ಣಾರೆ ಕಂಡೆವು. ಮಹಾಮಾರಿಯ ನಿಮಿತ್ತ 2020ರ ಮಾರ್ಚಿಯಲ್ಲಿ ಮುಚ್ಚಿದ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನವು ಮರಳಿ ತೆರೆದುದು 2021ರ ಅಕ್ಟೋಬರ್ 25ರಂದು. ನಡುವೆ ವಿದ್ಯಾಗಮವೆಂಬ ಯೋಜನೆಯಿಂದ ಉಪಾಧ್ಯಾಯರು ಊರೂರಿಗೆ ಹೋಗಿ ಮರದಡಿಯಲ್ಲಿಯೂ ಜಗಲಿಗಳಲ್ಲಿಯೂ ಕಲಿಸಿದರು. ಆದರೂ ಮರಳಿ ಬಂದ ಮಕ್ಕಳು ಅಕ್ಷರವನ್ನು ಮರೆತುದಕ್ಕಿಂತ, ಕುಳಿತು ಓದುವುದನ್ನೇ ಮರೆತಿದ್ದುದು ದೊಡ್ಡ ಕಷ್ಟವಾಯಿತು.

ಇನ್ನು ಮಾಡತಕ್ಕುದೇನು? ಮೊದಲನೆಯದು ಕಾಲನಿಯಮ. ದಿನವೂ ಒಂದೇ ಹೊತ್ತು. ಮೊದಲ ತರಗತಿಯ ಕೂಸಿಗೆ ಹದಿನೈದು ನಿಮಿಷ ಸಾಕು, ದೊಡ್ಡವರಿಗೆ ಕ್ರಮವಾಗಿ ಹೆಚ್ಚಲಿ. ಗಡಿಯಾರವನ್ನು ನೋಡುವುದಕ್ಕಿಂತ ಮನೆಯ ಕೆಲಸವೊಂದಕ್ಕೆ ಗಂಟುಹಾಕುವುದು ಸುಲಭ: ದೀಪ ಹಚ್ಚಿದ ಕೂಡಲೆ ಪುಸ್ತಕ ತೆರೆಯುವುದು, ಹಾಲು ಕರೆದು ಡೇರಿಗೆ ಹಾಕಿ ಬಂದ ಕೂಡಲೆ ಓದಿಗೆ ಕುಳಿತುಕೊಳ್ಳುವುದು.

ಎರಡನೆಯದು ಸ್ಥಳನಿಯಮ. ದೊಡ್ಡಬಳ್ಳಾಪುರದ ಎಷ್ಟೋ ಮನೆಗಳಲ್ಲಿ ವಿದ್ಯುತ್ ಮಗ್ಗವು ಅಡುಗೆಮನೆಯ ಗೋಡೆಗೆ ಹತ್ತಿಕೊಂಡಿರುವುದು; ಅದರ ಸದ್ದಿನಲ್ಲಿ ಮಗುವು ಓದುವುದೆಂತು ಎಂದು ಕೇಳುವಿರಿ. ಮಗ್ಗವು ನಿಂತ ಹೊತ್ತನ್ನೇ ಓದಿನ ಹೊತ್ತಾಗಿ ಗೊತ್ತುಮಾಡಿರಿ. ಆಗದಿದ್ದರೆ ದೇವಸ್ಥಾನದ ಪಡಸಾಲೆ ಉಂಟು, ಗ್ರಾಮಪಂಚಾಯತಿಯ ಗ್ರಂಥಾಲಯ ಉಂಟು. 2020ರಲ್ಲಿ ಮೊದಲಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತವಾಗಿ ಸದಸ್ಯತ್ವವನ್ನು ಕೊಡಲಾಯಿತು. ಸದ್ದಿನ ಬೀದಿಯಲ್ಲಿ ವಿದ್ಯೆ ಬೆಳೆಯದೆಂದು ನಿರಾಶರಾಗಬೇಡಿರಿ. ಕನ್ನಡದ ಶ್ರೇಷ್ಠ ವಿಮರ್ಶಕರಾದ ಡಿ. ಆರ್. ನಾಗರಾಜರು 1954ರಲ್ಲಿ ಇದೇ ದೊಡ್ಡಬಳ್ಳಾಪುರದ ನೇಕಾರ ಕುಲದಲ್ಲಿ ಜನಿಸಿದವರು.

ಮೂರನೆಯದು ನಿದ್ರೆ. ಹಿಂದಿನವರು ಬೆಳಗಿನ ಜಾವದಲ್ಲಿ ಎದ್ದು ಓದುತ್ತಿದ್ದರೆಂದು ಹೇಳುವ ನಾವು, ಅವರು ಇರುಳು ಬೇಗನೆ ಮಲಗುತ್ತಿದ್ದರೆಂಬುದನ್ನು ಹೇಳುವುದಿಲ್ಲ. ಆರರಿಂದ ಹನ್ನೆರಡು ವರ್ಷದ ಮಗುವಿಗೆ ಒಂಬತ್ತರಿಂದ ಹನ್ನೆರಡು ಗಂಟೆಗಳ ನಿದ್ರೆ ಬೇಕೆಂದು ವೈದ್ಯರ ಮತ. ಹತ್ತೂವರೆಯವರೆಗೆ ಮೊಬೈಲನ್ನು ಕೈಗೆ ಕೊಟ್ಟು ನಾಲ್ಕಕ್ಕೆ ಎಬ್ಬಿಸುವುದು ಶಿಕ್ಷಣವಲ್ಲ, ಶಿಕ್ಷೆ. ಓದಿನ ಹೊತ್ತಿನಲ್ಲಿ ಆ ಯಂತ್ರವು ಮಗುವಿನ ಕೈಯಲ್ಲಿಯೂ ಇರಬಾರದು. ಪಕ್ಕದಲ್ಲಿ ಕುಳಿತ ತಂದೆಯ ಕೈಯಲ್ಲಿಯೂ ಇರಬಾರದು.

ನಾಲ್ಕನೆಯದೂ ಮುಖ್ಯವಾದುದೂ ಒಪ್ಪಿಸಿಕೊಳ್ಳುವುದು. “ಸ್ವಾಮಿ, ನಮಗೆ ಓದು ಬಾರದು, ನಾವೇನು ಒಪ್ಪಿಸಿಕೊಳ್ಳುವುದು?” ಎಂದು ತಾಯಂದಿರು ನನ್ನನ್ನು ಎಷ್ಟೋ ಸಲ ಕೇಳಿರುವರು. ಹೂದೋಟದಲ್ಲಿಯೋ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿಯೋ ದುಡಿದು ಬಂದ ತಾಯಿಯ ಈ ಪ್ರಶ್ನೆಯಲ್ಲಿ ಸಂಕೋಚವೂ ಇದೆ, ನೋವೂ ಇದೆ. ಅಮ್ಮಾ, ಮಗುವನ್ನು ಹತ್ತಿರ ಕೂರಿಸಿಕೊಂಡು ಮೂರೇ ಮಾತು ಕೇಳು: “ಈ ಹೊತ್ತು ಏನು ಕಲಿತೆ? ನಿನ್ನೆ ಕಲಿತುದನ್ನು ಪುಸ್ತಕ ಮುಚ್ಚಿ ಹೇಳು. ಯಾವುದು ತಿಳಿಯಲಿಲ್ಲ?” ನಿನಗೆ ಸರಿತಪ್ಪು ತಿಳಿಯದಿರಬಹುದು, ತಡವರಿಕೆಯು ಕಿವಿಗೆ ತಿಳಿದೇ ತಿಳಿಯುವುದು. ಎಲ್ಲಿ ತಡವರಿಸಿತೋ ಅಲ್ಲಿ ಪುಸ್ತಕದಲ್ಲಿ ಒಂದು ಗುರುತುಮಾಡಿಸಿ, ಮರುದಿನ ಉಪಾಧ್ಯಾಯರನ್ನು ಕೇಳಿಕೊಂಡು ಬರುವಂತೆ ಹೇಳು. ಬಯ್ಯಬೇಡ, ಪಕ್ಕದ ಮನೆಯ ಮಗುವಿನೊಡನೆ ಹೋಲಿಸಬೇಡ. ತಿಳಿಯಲಿಲ್ಲವೆಂದು ಹೇಳಿದುದಕ್ಕೆ ಬಯ್ಗಳನ್ನು ತಿಂದ ಮಗುವು ಮರುದಿನದಿಂದ ಎಲ್ಲವೂ ತಿಳಿಯಿತೆಂದೇ ಹೇಳುವುದು. ಕಲಿಸುವವರು ಉಪಾಧ್ಯಾಯರು, ಕಾಯುವವಳು ನೀನು. ಪೈರನ್ನು ಕಾಯುವವನಿಗೆ ಸಸ್ಯಶಾಸ್ತ್ರ ಬೇಕೆ?

ಮಠಗಳ ವಿದ್ಯಾರ್ಥಿನಿಲಯಗಳು ಮಾಡಿದ ಉಪಕಾರವೂ ಬಹುಮಟ್ಟಿಗೆ ಇದೇ ಬಗೆಯದು. ಮಾಗಡಿ ಸೀಮೆಯ ವೀರಾಪುರದಲ್ಲಿ 1907ರಲ್ಲಿ ಜನಿಸಿ, 2019ರಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು ಜಾತಿಮತವೆಣಿಸದೆ ಸಾವಿರಾರು ಬಡಮಕ್ಕಳಿಗೆ ಅನ್ನವಿತ್ತುದನ್ನು ಲೋಕವೆಲ್ಲ ಬಲ್ಲುದು. ಅನ್ನದೊಡನೆ ಕೊಟ್ಟುದು ದಿನಚರಿ. ಏಳುವ ಹೊತ್ತು, ಪ್ರಾರ್ಥನೆಯ ಹೊತ್ತು, ಓದಿನ ಹೊತ್ತು ಇವು ಗೊತ್ತಾಗಿದ್ದುದರಿಂದ, ಓದು ಕಾಣದ ಮನೆಗಳಿಂದ ಬಂದ ಮಕ್ಕಳೂ ವಿದ್ಯಾವಂತರಾದರು. ಎಲ್ಲ ಮಕ್ಕಳೂ ಮಠಕ್ಕೆ ಬರಲಾರರು. ಆದರೆ ಆ ದಿನಚರಿಯು ಎಲ್ಲ ಮನೆಗಳಿಗೂ ಹೋಗಬಹುದು.

ಎಷ್ಟು ದಿನಗಳಲ್ಲಿ ಅಭ್ಯಾಸವು ನೆಲೆಗೊಳ್ಳುವುದು? ನಮ್ಮಲ್ಲಿ ವ್ರತನಿಯಮಗಳಿಗೆ ಒಂದು ಮಂಡಲವೆಂದರೆ 48 ದಿನ. ಲಂಡನ್ನಿನಲ್ಲಿ 96 ಮಂದಿ ಪ್ರೌಢರ ಆಹಾರವ್ಯಾಯಾಮಾದಿ ರೂಢಿಗಳನ್ನು ಪರಿಶೀಲಿಸಿ 2010ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ರೂಢಿಯು ನೆಲೆಗೊಳ್ಳಲು ನಡುಮಟ್ಟಕ್ಕೆ 66 ದಿನಗಳು ಬೇಕಾದುವೆಂದೂ, ಕೆಲವರಿಗೆ 18 ದಿನಗಳೇ ಸಾಕಾದರೆ ಕೆಲವರಿಗೆ 254 ದಿನಗಳವರೆಗೆ ಹಿಡಿಯಬಹುದೆಂದೂ ಇದೆ. ನಡುವೆ ಒಂದು ದಿನ ತಪ್ಪಿದುದರಿಂದ ಹೆಚ್ಚಿನ ಬಾಧಕವಾಗಲಿಲ್ಲವೆಂಬುದೂ ಅದರಲ್ಲಿದೆ. ಮಕ್ಕಳ ಓದಿಗೆ ಈ ಲೆಕ್ಕವು ಹಾಗೆಯೇ ಅನ್ವಯಿಸದಿದ್ದರೂ ಎರಡು ನೀತಿಗಳು ಸ್ಪಷ್ಟ: ನೆರೆಮನೆಯ ಮಗುವಿಗೆ ಬೇಗನೆ ಹಿಡಿದುದು ನಿಮ್ಮ ಮಗುವಿಗೆ ತಡವಾಗಬಹುದು, ಜಾತ್ರೆಗೋ ಮದುವೆಗೋ ಒಂದು ದಿನ ತಪ್ಪಿದರೆ ಮರುದಿನವೇ ಮತ್ತೆ ಕುಳಿತುಕೊಳ್ಳಬೇಕು.

ವಿದ್ಯಾರ್ಥಿಗಳೆ, ಮಹತ್ತಾದ ಸಂಕಲ್ಪಗಳನ್ನು ಮಾಡಬೇಡಿರಿ. ಶಾಲೆ ತೆರೆದ ದಿನದಿಂದ ಒಂದು ಮಂಡಲಕಾಲ ಗೊತ್ತಾದ ಜಾಗದಲ್ಲಿ, ಗೊತ್ತಾದ ಹೊತ್ತಿಗೆ ಕುಳಿತು, ಕಲಿತುದನ್ನು ಮನೆಯವರಿಗೆ ಒಪ್ಪಿಸಿರಿ. ತಾಯಂದಿರೆ, ತಂದೆಗಳಿರಾ, ದಿನಕ್ಕೆ ಕಾಲುಗಂಟೆ ಅವರ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಇಷ್ಟು ನಡೆದರೆ ಈ ಮಹೋತ್ಸವವು ಈ ನಾಲ್ಕು ತಾಲ್ಲೂಕುಗಳ ಮನೆಮನೆಯಲ್ಲಿಯೂ ಮುಂದುವರಿದಂತಾಗುವುದೆಂದು ನಂಬುವೆನು.