ದಾಕ್ಷಿಣ್ಯದ ಸಹಿ



ಆಯುಧಪೂಜೆ ಹತ್ತಿರ ಬಂತೆಂದರೆ ಕಾರಿನ ಷೋರೂಮುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹಬ್ಬದ ದಿನ ಗಾಡಿ ಮನೆ ಮುಂದೆ ನಿಂತಿರಬೇಕು ಎಂಬ ಆಸೆ. ಗಂಡ, ಹೆಂಡತಿ, ಮಕ್ಕಳು, ಊರಿನಿಂದ ಬಂದ ಅಜ್ಜಿ ಎಲ್ಲರೂ ಸೇರಿ ಬಣ್ಣ ಆರಿಸುತ್ತಾರೆ. ಮೈಲೇಜ್ ಎಷ್ಟು, ಡಿಕ್ಕಿಯಲ್ಲಿ ಎಷ್ಟು ಸಾಮಾನು ಹಿಡಿಯುತ್ತದೆ, ಕಾಲುಮ್ಯಾಟು ಪುಕ್ಕಟೆಯೋ ದುಡ್ಡು ಕೊಡಬೇಕೋ, ಒಂದನ್ನೂ ಬಿಡದೆ ಕೇಳುತ್ತಾರೆ. ಸೀಟ್ ಕವರಿಗಾಗಿ ಅರ್ಧ ಗಂಟೆ ಚೌಕಾಸಿ ನಡೆಯುತ್ತದೆ.

ಅಷ್ಟೆಲ್ಲ ಚೌಕಾಸಿ ಮಾಡಿದವರು ಸಾಲದ ಮೇಜಿನ ಮುಂದೆ ಕೂತ ಕೂಡಲೇ ತೆಪ್ಪಗಾಗುತ್ತಾರೆ. "ಆಧಾರ್ ಕೊಡಿ ಸರ್, ಪ್ಯಾನ್ ಕೊಡಿ, ಸ್ಯಾಲರಿ ಸ್ಲಿಪ್ಪು, ಬ್ಯಾಂಕ್ ಸ್ಟೇಟ್‌ಮೆಂಟು... ಎಲ್ಲಾ ನನ್ನ ನಂಬರಿಗೇ ವಾಟ್ಸಾಪ್ ಮಾಡ್ಬಿಡಿ." ಮಾಡಿಬಿಡುತ್ತೇವೆ. "ಈಗೊಂದು ಓಟಿಪಿ ಬಂದಿರುತ್ತೆ, ಸ್ವಲ್ಪ ಹೇಳಿ ಸರ್." ಹೇಳಿಬಿಡುತ್ತೇವೆ.

ಆ ಓಟಿಪಿ ಸಂದೇಶವನ್ನು ಒಂದು ಸಲ ಪೂರ್ತಿ ಓದಿ ನೋಡಿ. ಅಂಕಿಗಳ ಅಕ್ಕಪಕ್ಕದಲ್ಲಿ ಇಂಗ್ಲಿಷಿನಲ್ಲಿ ಒಂದೆರಡು ಸಾಲು ಇರುತ್ತದೆ. ನಿಮ್ಮ ಸಾಲದ ಚರಿತ್ರೆಯನ್ನು ತೆರೆದು ನೋಡಲು ನೀವು ಒಪ್ಪಿದ್ದೀರಿ ಎಂದೋ, ಇಂಥ ಸಂಸ್ಥೆಯ ಷರತ್ತುಗಳಿಗೆ ಸಮ್ಮತಿಸಿದ್ದೀರಿ ಎಂದೋ ಅದರ ಅರ್ಥ. ನಾವು ಓದುವುದು ಅಂಕಿಗಳನ್ನು ಮಾತ್ರ, ಅದೂ ಗಟ್ಟಿಯಾಗಿ, ಪಕ್ಕದ ಮೇಜಿನವರಿಗೂ ಕೇಳುವ ಹಾಗೆ. ಹಿಂದೆ ಹೆಬ್ಬೆಟ್ಟು ಒತ್ತುವವರಲ್ಲಿ ಕೆಲವರಾದರೂ ಕಾಗದದಲ್ಲಿ ಏನಿದೆ ಎಂದು ಓದಿಸಿ ಕೇಳಿ ಒತ್ತುತ್ತಿದ್ದರು.

ಮುಂದೆ ಆಗುವುದು ಇಷ್ಟು. ಮೇಜಿನ ಆಚೆ ಕೂತ ಹುಡುಗ ನಿಮ್ಮ ಅರ್ಜಿಯನ್ನು ಒಂದು ಬ್ಯಾಂಕಿಗೆ ಕಳಿಸುವ ಬದಲು ನಾಲ್ಕು ಕಡೆ ಕಳಿಸಿರಬಹುದು. ಎಲ್ಲಿ ಬೇಗ ಮಂಜೂರಾಗುತ್ತದೋ ಅಲ್ಲಿ ಗಾಡಿ ಬಿಲ್ ಆಗುತ್ತದೆ, ಅವನ ತಿಂಗಳ ಲೆಕ್ಕ ಭರ್ತಿಯಾಗುತ್ತದೆ. ಆದರೆ ಹೀಗೆ ವಿಚಾರಿಸಿದ ಒಂದೊಂದು ಬ್ಯಾಂಕಿನ ಹೆಸರೂ ನಿಮ್ಮ ಸಾಲದ ದಾಖಲೆಯಲ್ಲಿ ತಾರೀಖು ಸಮೇತ ಕೂರುತ್ತದೆ. ಸಿಬಿಲ್ ಎಂದು ನಾವು ಕರೆಯುವ ಅಂಕ 300ರಿಂದ 900ರವರೆಗೆ ಇರುತ್ತದೆ. ನಾಲ್ಕಾರು ದಿನಗಳಲ್ಲಿ ನಾಲ್ಕಾರು ವಿಚಾರಣೆ ಬಿದ್ದರೆ ಅದು ಕೆಳಗೆ ಜಾರಬಹುದು. ನಾಳೆ ಮನೆ ಸಾಲಕ್ಕೋ ಮಗಳ ಓದಿನ ಸಾಲಕ್ಕೋ ಹೋದಾಗ ಅಲ್ಲಿಯ ಅಧಿಕಾರಿಗೆ ಕಾಣುವುದು, ಒಂದೇ ವಾರದಲ್ಲಿ ಸಿಕ್ಕಸಿಕ್ಕ ಕಡೆ ಕೈಚಾಚಿದ ಮನುಷ್ಯ. ನೀವು ಕೇಳಿದ್ದು ಒಂದೇ ಕಾರು, ಒಂದೇ ಸಾಲ. ಅದನ್ನು ಅಲ್ಲಿ ಯಾರು ಹೇಳಬೇಕು?

ಹಳ್ಳಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದ ಹಾಗೆಯೇ ಈ ಸಾಲದ ದಾಖಲೆಯೂ. ವ್ಯತ್ಯಾಸ ಏನೆಂದರೆ, ಆ ಪುಸ್ತಕವನ್ನು ಶೆಟ್ಟರ ಎದುರು ನಿಂತು ಬಗ್ಗಿ ನೋಡಬಹುದಿತ್ತು, "ಈ ಎರಡು ಸೇರು ಅಕ್ಕಿ ನಮ್ಮ ಮನೆದಲ್ಲ" ಎಂದು ಜಗಳ ಆಡಬಹುದಿತ್ತು. ಈಗಲೂ ಆಡಬಹುದು, ಆದರೆ ಆಡುವವರು ಕಡಿಮೆ. ನಮ್ಮ ದೇಶದಲ್ಲಿ ಸಾಲದ ದಾಖಲೆ ಇಡುವ ಸಂಸ್ಥೆಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಒಂದೊಂದರಿಂದಲೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆಯಾಗಿ ಪಡೆಯುವ ಹಕ್ಕನ್ನು ರಿಸರ್ವ್ ಬ್ಯಾಂಕ್ ನಮಗೆ ಕೊಟ್ಟಿದೆ. ತಪ್ಪು ಕಂಡು ದೂರು ಕೊಟ್ಟು 30 ದಿನವಾದರೂ ಸರಿಪಡಿಸದಿದ್ದರೆ, ಆಮೇಲಿನ ಒಂದೊಂದು ದಿನಕ್ಕೂ 100 ರೂಪಾಯಿಯಂತೆ ಪರಿಹಾರ ಕೊಡಬೇಕು ಎಂಬ ನಿಯಮವೂ ಇದೆ. ನಾವು ತೆಗೆಯದ ಸಾಲ ನಮ್ಮ ಪ್ಯಾನ್ ನಂಬರಿನ ಮೇಲೆ ಕೂತಿದ್ದರೆ ಗೊತ್ತಾಗುವುದು ಈ ವರದಿಯನ್ನು ತೆರೆದಾಗಲೇ. ವರ್ಷಕ್ಕೊಮ್ಮೆ ಜಾತಕ ತೋರಿಸುವವರು ಇದನ್ನೂ ಒಮ್ಮೆ ತೆಗೆದು ನೋಡಬಾರದೇ?

ಏನನ್ನೂ ಕೇಳದೆ ಕಾಗದ ಕೊಟ್ಟುಬಿಡುವುದರಲ್ಲಿ ತಿಳಿವಳಿಕೆಯ ಕೊರತೆ ಸ್ವಲ್ಪ ಇರಬಹುದು. ದೊಡ್ಡ ಪಾಲು ದಾಕ್ಷಿಣ್ಯದ್ದು. ಕಾಫಿ ತರಿಸಿಕೊಟ್ಟಿದ್ದಾರೆ, ಮಗುವಿಗೆ ಚಾಕೊಲೇಟು ಕೊಟ್ಟಿದ್ದಾರೆ, ನಗುನಗುತ್ತಾ ಮಾತಾಡಿಸಿದ್ದಾರೆ. ಇಂಥವರನ್ನು "ಯಾವ ಬ್ಯಾಂಕಿಗೆ ಕಳಿಸ್ತೀರಿ, ಈ ಕಾಗದ ಯಾಕೆ ಬೇಕು, ಆಮೇಲೆ ಏನು ಮಾಡ್ತೀರಿ" ಎಂದು ಹೇಗೆ ಕೇಳುವುದು? ಕೇಳಿದರೆ ಅವರನ್ನು ಕಳ್ಳರೆಂದ ಹಾಗಾಗುವುದಿಲ್ಲವೇ? ಒಳ್ಳೆಯವರನ್ನು ಕಾಡುವ ಸಂಕೋಚ ಇದು. ಇದರಲ್ಲಿ ತರ್ಕ ಇಲ್ಲ. ಬ್ಯಾಂಕಿನವರು ನಮ್ಮ ಬಗ್ಗೆ ನೂರೆಂಟು ಪ್ರಶ್ನೆ ಕೇಳುತ್ತಾರೆ, ನಾವು ಅವಮಾನ ಎಂದುಕೊಳ್ಳುವುದಿಲ್ಲ, ಅದು ಅವರ ಕೆಲಸ ಎನ್ನುತ್ತೇವೆ. ನಾವು ಒಂದು ಕೇಳಿದರೆ ಅದು ಅಪನಂಬಿಕೆ ಹೇಗಾಯಿತು?

ಕೇಳಿದರೆ ಸರಿಯಾದ ಉತ್ತರವೂ ಸಿಗುತ್ತದೆ. ಪ್ಯಾನ್ ಕೇಳುವುದಕ್ಕೆ ಆದಾಯ ತೆರಿಗೆಯ ಕಾರಣವಿದೆ. ಹತ್ತು ಲಕ್ಷ ದಾಟಿದ ಕಾರಿಗೆ ಶೇಕಡ 1ರಷ್ಟು ತೆರಿಗೆಯನ್ನು ಮಾರುವವರೇ ವಸೂಲಿ ಮಾಡಿ ನಿಮ್ಮ ಪ್ಯಾನ್ ಹೆಸರಿನಲ್ಲಿ ಕಟ್ಟಬೇಕು. ನೋಂದಣಿಗೆ ವಿಳಾಸದ ಪುರಾವೆ ಬೇಕೇಬೇಕು. ಆದರೆ ಬರೀ ದರಪಟ್ಟಿ ಕೇಳಲು ಹೋದವರಿಗೆ ಆಧಾರ್ ಪ್ರತಿ ಯಾಕೆ? ಟೆಸ್ಟ್ ಡ್ರೈವ್‌ಗೆ ಲೈಸೆನ್ಸ್ ನೋಡಿದರೆ ಸಾಲದೇ? ಸಂಬಳದ ಚೀಟಿ ಯಾಕೆ? ಬೇಕಾದ್ದು ಯಾವುದು, ಸುಮ್ಮನೆ ಕೇಳಿದ್ದು ಯಾವುದು ಎಂಬುದು ಬಾಯಿಬಿಟ್ಟು ಕೇಳಿದಾಗ ಮಾತ್ರ ತಿಳಿಯುತ್ತದೆ.

2022ರ ಮೇ ತಿಂಗಳಲ್ಲಿ ನಡೆದದ್ದನ್ನು ಕೆಲವರು ಮರೆತಿರಬಹುದು. ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ, ಆಧಾರ್ ನೆರಳಚ್ಚನ್ನು ಕಂಡಕಂಡವರಿಗೆ ಕೊಡಬೇಡಿ, ಕೊನೆಯ ನಾಲ್ಕಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ ಎಂದು ಒಂದು ಪ್ರಕಟಣೆ ಹೊರಡಿಸಿತು. ಊರೆಲ್ಲ ಗಾಬರಿ. ಎರಡೇ ದಿನಕ್ಕೆ ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಂಡು, ಜನ ತಪ್ಪು ತಿಳಿಯಬಾರದು, ಸಾಮಾನ್ಯ ಎಚ್ಚರಿಕೆ ವಹಿಸಿದರೆ ಸಾಕು ಎಂದಿತು. ಪ್ರಕಟಣೆ ಹೋದರೂ ಮಾಸ್ಕ್ಡ್ ಆಧಾರ್ ಇಂದಿಗೂ ಇದೆ, ಪ್ರಾಧಿಕಾರದ ಜಾಲತಾಣದಿಂದಲೇ ಇಳಿಸಿಕೊಳ್ಳಬಹುದು. ಸಾಮಾನ್ಯ ಎಚ್ಚರಿಕೆ ಎಂದರೆ ಏನು ಎಂಬುದನ್ನು ಮಾತ್ರ ನಮಗೆ ನಾವೇ ಹೇಳಿಕೊಳ್ಳಬೇಕು. ನೆರಳಚ್ಚಿನ ಮೇಲೆ ಅಡ್ಡಡ್ಡಲಾಗಿ, ಫೋಟೋದ ಅಂಚನ್ನೂ ಅಕ್ಷರಗಳನ್ನೂ ತಾಗುವಂತೆ, "ಇಂಥ ಕಾರಿನ ನೋಂದಣಿಗೆ ಮಾತ್ರ" ಎಂದು ಬರೆದು ತಾರೀಖು ಹಾಕಿ ಸಹಿ ಮಾಡುವುದು ಅಂಥದ್ದೊಂದು ಎಚ್ಚರಿಕೆ. ಆ ಕಾಗದ ಮುಂದೆ ಯಾರ ಕೈಗೆ ಹೋದರೂ ಬೇರೆ ಕೆಲಸಕ್ಕೆ ಬಳಸುವುದು ಕಷ್ಟ. ಸಂಜೆ ಬೋಂಡಾ ಕಟ್ಟಿಕೊಟ್ಟ ಕಾಗದ ಬಿಡಿಸಿದಾಗ ಯಾರದೋ ಗುರುತಿನ ಚೀಟಿಯ ಮುಖ ಎಣ್ಣೆಯಲ್ಲಿ ನೆಂದು ನಮ್ಮನ್ನೇ ನೋಡುವುದುಂಟು. ಆ ಮುಖ ಯಾವ ಮೇಜಿನ ಮೇಲೆ, ಯಾವ ಕೆಲಸಕ್ಕೆ ಕೊಟ್ಟದ್ದೋ.

ಕೇಳಬೇಕು ಎಂದೆನಲ್ಲ, ಕೇಳಿದವರೊಬ್ಬರು ನಮ್ಮವರೇ ಇದ್ದರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ, 86ರ ವಯಸ್ಸಿನಲ್ಲಿ, ಆಧಾರ್ ವಿಚಾರವಾಗಿ ಸುಪ್ರೀಂ ಕೋರ್ಟಿನ ಕದ ತಟ್ಟಿದರು. ಅದೇ ಮೊಕದ್ದಮೆಯಲ್ಲಿ, ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಅಷ್ಟು ಹೊತ್ತಿಗೆ ಅವರಿಗೆ 91. ಸರ್ಕಾರವನ್ನೇ ಪ್ರಶ್ನಿಸಲು ಆ ಹಿರಿಯರಿಗೆ ದಾಕ್ಷಿಣ್ಯ ಅಡ್ಡ ಬರಲಿಲ್ಲ. ಆ ತೀರ್ಪಿನ ದಾರಿಯಲ್ಲೇ 2023ರಲ್ಲಿ ಮಾಹಿತಿ ರಕ್ಷಣೆಯ ಕಾಯಿದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಬಂದವು. ಮುಖ್ಯ ಕಟ್ಟಳೆಗಳು ಜಾರಿಯಾಗಲು 18 ತಿಂಗಳ ಗಡುವು ಇಟ್ಟಿದ್ದಾರೆ. ಆ ಕಾಯಿದೆಯಲ್ಲಿ ನನಗೆ ಬಹಳ ಹಿಡಿಸಿದ ಮಾತೊಂದಿದೆ: ಒಪ್ಪಿಗೆ ಕೇಳುವವರು ಅದನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ಕೊಡಬೇಕು. ಎಂದರೆ ಕನ್ನಡದಲ್ಲೂ. "ಇದನ್ನು ಕನ್ನಡದಲ್ಲಿ ಕೊಡಿ, ಓದಿ ಸಹಿ ಮಾಡ್ತೀನಿ" ಎನ್ನುವ ಗಿರಾಕಿಗಳು ಹತ್ತು ಜನ ಬಂದರೆ ಹನ್ನೊಂದನೆಯವರಿಗೆ ಕಾಗದ ತಯಾರಾಗಿರುತ್ತದೆ.

ಸಹಿಯ ವಿಷಯಕ್ಕೆ ಬಂದರೆ, ಪೆನ್ಸಿಲಿನಲ್ಲಿ ಗುರುತು ಹಾಕಿ, "ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ" ಎಂದು ಹಾಳೆ ಮಗುಚುತ್ತಾ ಹೋಗುತ್ತಾರೆ. ನಡುವೆ ಏನೂ ತುಂಬದ ನಮೂನೆಗಳೂ ಇರಬಹುದು. ಗಾಡಿಯ ಹೆಸರು ವರ್ಗಾವಣೆಯ ನಮೂನೆ 29 ಮತ್ತು 30 ಹಾಗೆಯೇ ಖಾಲಿ ಇರುವುದುಂಟು. ಖಾಲಿ ಕಾಗದಕ್ಕೆ ಹಾಕಿದ ಸಹಿಯ ಮೇಲೆ ಮುಂದೆ ಏನು ಬರೆಯುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ಸಾಲದ ಮೊತ್ತ, ಬಡ್ಡಿ, ಕಂತು, ತಿಂಗಳುಗಳ ಸಂಖ್ಯೆ ತುಂಬಿದ ಮೇಲೆ ಸಹಿ ಮಾಡುತ್ತೇನೆ, ಒಂದು ಪ್ರತಿ ನನಗೂ ಕೊಡಿ ಎಂದರೆ ಕಾರು ಒಂದು ದಿನ ತಡವಾಗಬಹುದು. ಆಗಲಿ.

ಇನ್ನೊಂದು ದಾಕ್ಷಿಣ್ಯ ಮನೆಯೊಳಗಿನದು. ಭಾವಮೈದನೋ ಸೋದರಳಿಯನೋ ಬಂದು, "ಬರೀ ಫಾರ್ಮಾಲಿಟಿ ಭಾವ, ಜಾಮೀನಿಗೆ ಒಂದು ಸಹಿ ಹಾಕಿ" ಎನ್ನುತ್ತಾನೆ. ಹಾಕಿದ ಮೇಲೆ ಆ ಸಾಲ ಅವನದಷ್ಟೇ ಅಲ್ಲ, ನಿಮ್ಮ ದಾಖಲೆಯಲ್ಲೂ ಕಾಣಿಸುತ್ತದೆ. ಅವನು ಕಂತು ತಪ್ಪಿಸಿದರೆ ಬ್ಯಾಂಕು ನಿಮ್ಮ ಬಾಗಿಲಿಗೆ ಬರುತ್ತದೆ. ಸಹಿ ಹಾಕಲೇಬಾರದು ಎನ್ನುವ ಕಲ್ಲುಮನಸ್ಸು ನನ್ನದಲ್ಲ. ಅವನು ಕಟ್ಟದಿದ್ದರೆ ನಾನು ಕಟ್ಟಬಲ್ಲೆ, ಕಟ್ಟುತ್ತೇನೆ, ಆಮೇಲೂ ಅವನನ್ನು ಹಬ್ಬಕ್ಕೆ ಕರೆಯುತ್ತೇನೆ ಎನ್ನುವವರು ಧಾರಾಳವಾಗಿ ಹಾಕಲಿ. ಹಾಗನ್ನಲಾರದವರು ಮೊದಲೇ ಇಲ್ಲ ಎಂದುಬಿಟ್ಟರೆ ನೆಂಟಸ್ತನ ಉಳಿದೀತು.

ಮೇಜಿನ ಆಚೆ ಕೂತವರಲ್ಲೂ ಈ ಚಿಂತನ ಕೇಳುವವರಿರಬಹುದು. ನಿಮ್ಮ ಫೋನಿನಲ್ಲಿ ನೂರಾರು ಜನರ ಆಧಾರ್, ಪ್ಯಾನ್, ಸಂಬಳದ ಚೀಟಿಗಳು ಬಿದ್ದಿರುತ್ತವೆ. ಗಾಡಿ ಹೋದ ಮೇಲೂ ಅವು ಅಲ್ಲೇ ಇರುತ್ತವೆ. ನೀವು ಕೆಲಸ ಬಿಟ್ಟು ಬೇರೆ ಕಂಪನಿ ಸೇರಿದರೂ ಜೊತೆಗೇ ಬರುತ್ತವೆ. ಜನ ನಂಬಿ ನಿಮ್ಮ ಕೈಗೆ ಇಟ್ಟ ಕಾಗದಗಳು ಅವು. ಟಾರ್ಗೆಟ್ಟಿನ ಒತ್ತಡ ಏನೆಂದು ಬಲ್ಲೆ, ಅದನ್ನು ಹಗುರ ಮಾಡಿ ಮಾತಾಡಲಾರೆ. ಆದರೂ ತಿಂಗಳ ಕೊನೆಗೆ ಕೂತು ಅವನ್ನು ಅಳಿಸುವುದಕ್ಕೆ ಯಾವ ಮ್ಯಾನೇಜರೂ ಬೇಡ ಎನ್ನುವುದಿಲ್ಲ.

ಹೊಸ ಕಾರು ಬಂದಾಗ ಹಳೆಯದನ್ನು ಮಾರುತ್ತೇವೆ. ಹಣ ಕೈಗೆ ಬಂದ ಕೂಡಲೇ ಕೀಲಿ ಕೊಟ್ಟು ಕೈತೊಳೆದುಕೊಳ್ಳುವವರೇ ಹೆಚ್ಚು. ಹೆಸರು ಬದಲಾಗುವ ತನಕ ಆ ಗಾಡಿ ಯಾರಿಗಾದರೂ ಗುದ್ದಿದರೆ ಹೊಣೆ ದಾಖಲೆಯಲ್ಲಿರುವ ಮಾಲೀಕನದು ಎಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಫಾಸ್ಟ್ಯಾಗ್ ಮುಚ್ಚಿಸಬೇಕು. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಉಳಿದ ವಿಮೆಯ ಕಾಗದ, ಸರ್ವಿಸ್ ಬಿಲ್ಲು, ಔಷಧಿ ಚೀಟಿ ತೆಗೆಯಬೇಕು. ಬ್ಲೂಟೂತಿಗೆ ಫೋನ್ ಜೋಡಿಸಿದ್ದರೆ ನಿಮ್ಮ ಫೋನಿನ ಹೆಸರುಪಟ್ಟಿಯೂ ಆ ಪರದೆಯ ಹಿಂದೆ ಕೂತಿರಬಹುದು: ಡಾಕ್ಟರು, ಮಗಳ ಟೀಚರು, ಹಾಲಿನವರು, ಊರಿನ ಅತ್ತೆ. ಅವರು ನಂಬರು ಕೊಟ್ಟದ್ದು ನಿಮಗೆ, ನಿಮ್ಮ ಕಾರಿಗಲ್ಲ. ಸೆಟ್ಟಿಂಗಿಗೆ ಹೋಗಿ ಎಲ್ಲವನ್ನೂ ಅಳಿಸಲು ಎರಡು ನಿಮಿಷ ಸಾಕು. ಬರದಿದ್ದರೆ ಮನೆಯ ಮಕ್ಕಳನ್ನು ಕೇಳಿ, ಅವರಿಗೆ ಬರುತ್ತದೆ.