ಮೊದಲ ಹೆಡ್‌ಫೋನ್: ಜೊತೆಗೆ ಆಂಪ್ಲಿಫೈಯರ್ ಬೇಕೆ?

ಬಾಡಿಗೆ ಮನೆಯಲ್ಲಿರುವವರು, ಹಾಸ್ಟೆಲಿನಲ್ಲಿ ಓದುತ್ತಿರುವವರು, ಮನೆಮಂದಿಯೆಲ್ಲ ಮಲಗಿದ ಮೇಲಷ್ಟೇ ಬಿಡುವು ಸಿಗುವವರು, ಇಂಥವರಿಗೆ ದೊಡ್ಡ ಸ್ಪೀಕರ್‌ಗಳು ಒಗ್ಗುವುದಿಲ್ಲ. ಅವರ ಪಾಲಿಗೆ ಒಂದು ಜೊತೆ ಹೆಡ್‌ಫೋನೇ ಸಂಗೀತ ಸಭೆ. ಅದನ್ನು ಕೊಳ್ಳಲು ಹೊರಟಾಗ ಎರಡು ಪ್ರಶ್ನೆಗಳು ಎದುರಾಗುತ್ತವೆ. ಕಡಿಮೆ ಬೆಲೆಗೆ ಒಳ್ಳೆಯದನ್ನು ಆರಿಸುವುದು ಹೇಗೆ ಎಂಬುದು ಮೊದಲನೆಯದು. ಅದರ ಜೊತೆಗೆ ಆಂಪ್ಲಿಫೈಯರ್ ಎಂಬ ಇನ್ನೊಂದು ಪೆಟ್ಟಿಗೆಯನ್ನೂ ಕೊಳ್ಳಬೇಕೆ ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಹೊಸದಾಗಿ ಕೊಳ್ಳುವವರಿಗೆ ಬಹುಮಟ್ಟಿಗೆ ಬೇಕಿಲ್ಲ. ಏಕೆ ಬೇಕಿಲ್ಲ ಎಂಬುದನ್ನು ತಿಳಿದುಕೊಂಡರೆ ಹಣವೂ ಉಳಿಯುತ್ತದೆ, ಕಿವಿಯೂ ಉಳಿಯುತ್ತದೆ.

ಹೆಡ್‌ಫೋನಿನ ಒಳಗೆ ಇರುವುದು ಒಂದು ಪುಟ್ಟ ಸ್ಪೀಕರ್. ತೆಳ್ಳನೆಯ ಒಂದು ಪೊರೆ, ಅದಕ್ಕೆ ಅಂಟಿಸಿದ ತಂತಿಯ ಸುರುಳಿ, ಪಕ್ಕದಲ್ಲಿ ಒಂದು ಅಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಹರಿದಂತೆ ಪೊರೆ ಕಂಪಿಸುತ್ತದೆ, ನಮಗೆ ಧ್ವನಿ ಕೇಳಿಸುತ್ತದೆ. ಹಾಡನ್ನು ನುಡಿಸುವ ಉಪಕರಣದಿಂದ ಹೊರಡುವ ದುರ್ಬಲ ಸಂಕೇತಕ್ಕೆ ಈ ಕೆಲಸ ಮಾಡುವಷ್ಟು ಬಲ ತುಂಬುವುದೇ ಆಂಪ್ಲಿಫೈಯರಿನ ಕೆಲಸ. ಹಾಗಾದರೆ ಆಂಪ್ಲಿಫೈಯರ್ ಇಲ್ಲದೆ ಹೆಡ್‌ಫೋನ್ ಹಾಡುವುದೇ ಇಲ್ಲವೇ ಎಂದು ನೀವು ಕೇಳಬಹುದು. ನಿಜ, ಹಾಡುವುದಿಲ್ಲ. ಆದರೆ ನಿಮ್ಮ ಮೊಬೈಲ್ ಫೋನು, ಲ್ಯಾಪ್‌ಟಾಪ್, ಟೆಲಿವಿಷನ್, ಇವುಗಳಲ್ಲಿ ಹೆಡ್‌ಫೋನ್ ಸಿಕ್ಕಿಸುವ ರಂಧ್ರ ಇದ್ದರೆ ಅದರ ಹಿಂದೆ ಒಂದು ಪುಟ್ಟ ಆಂಪ್ಲಿಫೈಯರ್ ಆಗಲೇ ಕುಳಿತಿರುತ್ತದೆ. ಬ್ಲೂಟೂತ್ ಹೆಡ್‌ಫೋನಿನಲ್ಲಂತೂ ಅದು ಹೆಡ್‌ಫೋನಿನ ಒಳಗೇ ಇದ್ದು, ಅಲ್ಲಿರುವ ಬ್ಯಾಟರಿಯಿಂದ ನಡೆಯುತ್ತದೆ. ಆದ್ದರಿಂದ ತಂತಿಯಿಲ್ಲದೆ ಕೇಳುವವರು ಹೊರಗಿನ ಆಂಪ್ಲಿಫೈಯರಿನ ಯೋಚನೆಯನ್ನೇ ಬಿಡಬಹುದು. ಪ್ರಶ್ನೆ ಉಳಿಯುವುದು ತಂತಿಯ ಹೆಡ್‌ಫೋನಿನವರಿಗೆ ಮಾತ್ರ: ಉಪಕರಣದ ಒಳಗಿರುವ ಆಂಪ್ಲಿಫೈಯರ್ ಸಾಕೇ, ಸಾಲದೇ?

ಇದಕ್ಕೆ ಸ್ವಲ್ಪ ಇತಿಹಾಸವೂ ಇದೆ. ಅಮೆರಿಕದಲ್ಲಿ ಜಾನ್ ಕಾಸ್ ಅವರು 1958ರಲ್ಲಿ ಸ್ಟೀರಿಯೋ ಹೆಡ್‌ಫೋನನ್ನು ಜನರ ಮುಂದಿಟ್ಟಾಗ ಅದು ಮೇಜಿನ ಮೇಲಿನ ದೊಡ್ಡ ಯಂತ್ರಗಳಿಗೆ ಜೋಡಿಸುವ ವಸ್ತುವಾಗಿತ್ತು. 1979ರಲ್ಲಿ ಜಪಾನಿನ ಸೋನಿ ಸಂಸ್ಥೆಯ ವಾಕ್‌ಮನ್ ಬಂತು. ಎರಡೇ ಎರಡು ಪೆನ್ಸಿಲ್ ಸೆಲ್‌ಗಳಿಂದ ನಡೆಯುವ ಆ ಯಂತ್ರಕ್ಕೆ, ಅತ್ಯಲ್ಪ ವಿದ್ಯುತ್ತಿನಲ್ಲಿ ಗಟ್ಟಿಯಾಗಿ ಹಾಡುವ ಹಗುರ ಹೆಡ್‌ಫೋನು ಬೇಕಾಯಿತು. ಅಂದಿನಿಂದ ಸಾಮಾನ್ಯ ಬೆಲೆಯ ಹೆಡ್‌ಫೋನುಗಳೆಲ್ಲ ಬಹುತೇಕ ಇದೇ ದಾರಿಯಲ್ಲಿ ಬೆಳೆದಿವೆ. ಜೇಬಿನ ಉಪಕರಣದಿಂದಲೇ ನಡೆಯಲಿ ಎಂದು ಮಾಡಿದ ವಸ್ತುವಿಗೆ ಬೇರೆ ಆಂಪ್ಲಿಫೈಯರ್ ಹುಡುಕಬೇಕಾದ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಸಾಮಾನ್ಯವಾಗಿ ಎಂದೆ. ನಿಮ್ಮ ಹೆಡ್‌ಫೋನಿನ ವಿಷಯದಲ್ಲಿ ಖಚಿತವಾಗಿ ತಿಳಿಯಬೇಕಾದರೆ ಡಬ್ಬಿಯ ಮೇಲಿರುವ ಎರಡು ಅಂಕಿಗಳನ್ನು ಓದಬೇಕು. ಒಂದು, ಇಂಪೀಡೆನ್ಸ್. ವಿದ್ಯುತ್ ಹರಿವಿಗೆ ಸುರುಳಿ ಒಡ್ಡುವ ತಡೆ ಎಂದು ಇದನ್ನು ತಿಳಿಯಬಹುದು. ಇದರ ಅಳತೆ ಓಮ್. ಇನ್ನೊಂದು, ಸೆನ್ಸಿಟಿವಿಟಿ. ಒಂದು ಮಿಲಿವಾಟ್ ಶಕ್ತಿ ಕೊಟ್ಟರೆ ಹೆಡ್‌ಫೋನ್ ಎಷ್ಟು ಡೆಸಿಬೆಲ್ ಸದ್ದು ಮಾಡುತ್ತದೆ ಎಂಬುದನ್ನು ಇದು ತಿಳಿಸುತ್ತದೆ. ಅಂಗಡಿಗಳಲ್ಲಿ ಓಮ್ ಒಂದನ್ನೇ ನೋಡಿ "ಇದಕ್ಕೆ ಆಂಪ್ಲಿಫೈಯರ್ ಬೇಕು" ಎಂದು ಹೇಳುವುದುಂಟು. ಒಂದೇ ಅಂಕಿಯಿಂದ ಹಾಗೆ ತೀರ್ಮಾನಿಸಲಾಗದು.

ಲೆಕ್ಕ ಸುಲಭವಾಗಿದೆ. ಉಪಕರಣ ಕೊಡುವ ವೋಲ್ಟನ್ನು ಅದರಿಂದಲೇ ಗುಣಿಸಿ, ಓಮ್‌ನಿಂದ ಭಾಗಿಸಿ, ಸಾವಿರದಿಂದ ಗುಣಿಸಿದರೆ ಮಿಲಿವಾಟ್ ಸಿಗುತ್ತದೆ. ಶಕ್ತಿ ಎರಡು ಪಟ್ಟಾದರೆ ಸದ್ದು 3 ಡೆಸಿಬೆಲ್ ಏರುತ್ತದೆ. ಹತ್ತು ಪಟ್ಟಾದರೆ 10 ಡೆಸಿಬೆಲ್. ಮೊಬೈಲ್ ಫೋನುಗಳಿಂದ ಸಾಮಾನ್ಯವಾಗಿ ಅರ್ಧ ವೋಲ್ಟಿನಿಂದ ಒಂದು ವೋಲ್ಟಿನವರೆಗೆ ದೊರೆಯುತ್ತದೆ.

ಮೂರು ಉದಾಹರಣೆಗಳನ್ನು ನೋಡೋಣ. ಆಡಿಯೋ-ಟೆಕ್ನಿಕಾ ಸಂಸ್ಥೆಯ ಎಂ20ಎಕ್ಸ್ ಎಂಬುದು ಹೊಸಬರು ಕೊಳ್ಳುವ ಸಾಧಾರಣ ಬೆಲೆಯ ಹೆಡ್‌ಫೋನು. ಇದು 47 ಓಮ್, 96 ಡೆಸಿಬೆಲ್. ಒಂದು ವೋಲ್ಟಿಗೆ ಸುಮಾರು 21 ಮಿಲಿವಾಟ್ ದೊರೆತು, ಸದ್ದು 109 ಡೆಸಿಬೆಲ್ ತಲುಪುತ್ತದೆ. ಬೇಯರ್‌ಡೈನಾಮಿಕ್ ಸಂಸ್ಥೆಯ ಡಿಟಿ 990 ಪ್ರೊ ಮಾದರಿಯಲ್ಲಿ 250 ಓಮ್‌ನದು ಒಂದಿದೆ. ಅದರದೂ 96 ಡೆಸಿಬೆಲ್. ಅದೇ ಒಂದು ವೋಲ್ಟಿಗೆ ಇಲ್ಲಿ ದೊರೆಯುವುದು ನಾಲ್ಕೇ ಮಿಲಿವಾಟ್, ಸದ್ದು 102 ಡೆಸಿಬೆಲ್. ಇನ್ನು ಹೈಫೈಮ್ಯಾನ್ ಸಂಸ್ಥೆ ಹಿಂದೆ ತಯಾರಿಸಿದ್ದ ಎಚ್‌ಇ-6 ನೋಡಿ. ಅದು 50 ಓಮ್, ಅಂದರೆ ಹೆಚ್ಚುಕಡಿಮೆ ಮೊದಲನೆಯದರಷ್ಟೇ. ಆದರೆ ಸೆನ್ಸಿಟಿವಿಟಿ 83.5 ಮಾತ್ರ. ಆದ್ದರಿಂದ 20 ಮಿಲಿವಾಟ್ ಕೊಟ್ಟರೂ ಅದು 97 ಡೆಸಿಬೆಲ್ ಮುಟ್ಟುವುದಿಲ್ಲ. ಐವತ್ತು ಓಮ್‌ನದು ಇನ್ನೂರೈವತ್ತು ಓಮ್‌ನದಕ್ಕಿಂತ ಮೆಲ್ಲಗೆ ಹಾಡಿತು! ಓಮ್ ಒಂದನ್ನೇ ನೋಡಬಾರದು ಎಂದದ್ದು ಇದಕ್ಕೇ. ಇಲ್ಲಿ ಒಂದು ಎಚ್ಚರಿಕೆ: ಕೆಲವು ಸಂಸ್ಥೆಗಳು ಸೆನ್ಸಿಟಿವಿಟಿಯನ್ನು ಮಿಲಿವಾಟಿಗೆ ಬದಲು ವೋಲ್ಟಿನ ಲೆಕ್ಕದಲ್ಲಿ ಮುದ್ರಿಸುತ್ತವೆ. ಆಗ ಒಂದು ವೋಲ್ಟಿಗೆ ಬರುವ ಸದ್ದು ಆ ಅಂಕಿಯೇ. ಮತ್ತೆ ಲೆಕ್ಕ ಹಾಕಬೇಕಿಲ್ಲ.

ಹಾಗಾದರೆ ಎಷ್ಟು ಡೆಸಿಬೆಲ್ ಇದ್ದರೆ ಸಾಕು? ಇಲ್ಲಿ ನಮ್ಮ ಕಿವಿಯೇ ನ್ಯಾಯಾಧೀಶ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2019ರಲ್ಲಿ ಪ್ರಕಟಿಸಿದ ಮಾನದಂಡದ ಪ್ರಕಾರ ವಯಸ್ಕರು ವಾರಕ್ಕೆ 40 ಗಂಟೆ ಕೇಳಬಹುದಾದ ಸುರಕ್ಷಿತ ಮಟ್ಟ ಸರಾಸರಿ 80 ಡೆಸಿಬೆಲ್; ಮಕ್ಕಳಿಗೆ 75. ಸದ್ದು 3 ಡೆಸಿಬೆಲ್ ಏರಿದಂತೆಲ್ಲ ಕೇಳಬಹುದಾದ ಅವಧಿ ಅರ್ಧಕ್ಕೆ ಇಳಿಯುತ್ತದೆ. 90 ಡೆಸಿಬೆಲಿನಲ್ಲಿ ವಾರಕ್ಕೆ ನಾಲ್ಕು ಗಂಟೆ, 100ರಲ್ಲಿ ವಾರಕ್ಕೆ ಸುಮಾರು 20 ನಿಮಿಷ, ಅಷ್ಟೇ. ಸಂಗೀತದಲ್ಲಿ ಮೃದಂಗದ ಒಂದು ಗಟ್ಟಿ ಪೆಟ್ಟು ಸರಾಸರಿಗಿಂತ 15–20 ಡೆಸಿಬೆಲ್ ಮೇಲೆ ಚಿಮ್ಮುತ್ತದೆ. 80ರ ಸರಾಸರಿಗೆ ಆ 20ನ್ನು ಸೇರಿಸಿ, 100 ಆಯಿತು. ಪೂರ್ತಿ ವಾಲ್ಯೂಮಿನಲ್ಲಿ 100 ಡೆಸಿಬೆಲ್ ಮುಟ್ಟುವ ಹೆಡ್‌ಫೋನಿಗೆ ನಿಮ್ಮ ಉಪಕರಣದ ಬಲ ಸಾಕು ಎಂದು ಅರ್ಥ. ಎಂ20ಎಕ್ಸ್ ಅರ್ಧ ವೋಲ್ಟಿನಲ್ಲೇ 103 ಮುಟ್ಟುತ್ತದೆ. ಅದಕ್ಕೆ ಆಂಪ್ಲಿಫೈಯರ್ ದಂಡ. ಡಿಟಿ 990 ಒಂದು ವೋಲ್ಟ್ ಸಿಕ್ಕರೆ ಸರಿಹೋಗುತ್ತದೆ, ಅರ್ಧ ವೋಲ್ಟಾದರೆ 96ಕ್ಕೆ ನಿಲ್ಲುತ್ತದೆ. ಎಚ್‌ಇ-6ಗೆ ಆಂಪ್ಲಿಫೈಯರ್ ಬೇಕೇ ಬೇಕು. ಆದರೆ ಅದು ಹೊಸಬರು ಕೊಳ್ಳುವ ವಸ್ತುವಲ್ಲ.

ಲೆಕ್ಕ ಬೇಡ ಎನ್ನುವವರಿಗೆ ಇನ್ನೊಂದು ಪರೀಕ್ಷೆಯಿದೆ. ಮನೆಯ ಶಾಂತ ಕೋಣೆಯಲ್ಲಿ ಕುಳಿತು, ನಿಮ್ಮಲ್ಲಿರುವ ಅತ್ಯಂತ ಮೆಲುಧ್ವನಿಯ ಮುದ್ರಿಕೆಯನ್ನು ಹಾಕಿ ವಾಲ್ಯೂಮನ್ನು ನಿಧಾನವಾಗಿ ಏರಿಸುತ್ತಾ ಬನ್ನಿ. ಮುಕ್ಕಾಲು ಭಾಗ ತಲುಪುವುದರೊಳಗೆ ಹಿತವಾಗಿ ಕೇಳಿಸಿದರೆ ಆಂಪ್ಲಿಫೈಯರ್ ಬೇಡ. ಪೂರ್ತಿ ಏರಿಸಿದರೂ ಇನ್ನೂ ಸ್ವಲ್ಪ ಬೇಕಿತ್ತು ಎನಿಸಿದರೆ ಆಗ ಯೋಚಿಸಿ. ಮನೆಯಲ್ಲಿ ಹಳೆಯ ಸ್ಟೀರಿಯೋ ಆಂಪ್ಲಿಫೈಯರ್ ಇದ್ದರೆ ಅದರ ಹೆಡ್‌ಫೋನ್ ರಂಧ್ರಕ್ಕೆ ಮೊದಲು ಸಿಕ್ಕಿಸಿ ನೋಡಿ. 250 ಅಥವಾ 300 ಓಮ್‌ನ ಹೆಡ್‌ಫೋನುಗಳಿಗೆ ಅದು ಚೆನ್ನಾಗಿಯೇ ಹೊಂದುತ್ತದೆ.

ಲ್ಯಾಪ್‌ಟಾಪಿನಲ್ಲಿ ಹಾಡಿನ ಹಿಂದೆ ಗುಯ್ ಎನ್ನುವ ಸದ್ದು ಕೇಳಿಸುತ್ತಿದ್ದರೆ, ಅಥವಾ ನಿಮ್ಮ ಫೋನಿನಲ್ಲಿ ಹೆಡ್‌ಫೋನ್ ರಂಧ್ರವೇ ಇಲ್ಲದಿದ್ದರೆ ಏನು ಮಾಡಬೇಕು? ಯುಎಸ್‌ಬಿಗೆ ಸಿಕ್ಕಿಸುವ, ಬೆರಳುದ್ದದ ಒಂದು ಪರಿವರ್ತಕ ಸಾಕು. ಅಂಕಿಗಳ ರೂಪದಲ್ಲಿರುವ ಹಾಡನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಭಾಗವೂ, ಆಂಪ್ಲಿಫೈಯರೂ ಅದರೊಳಗೇ ಇರುತ್ತವೆ. ಆದರೆ ಒಂದು ಮಾತು ನೆನಪಿರಲಿ. ಮಂಕಾದ ಹೆಡ್‌ಫೋನನ್ನು ಯಾವ ಆಂಪ್ಲಿಫೈಯರೂ ಚೊಕ್ಕಟ ಮಾಡಲಾರದು. ಅದು ಅದೇ ಮಂಕುತನವನ್ನು ಇನ್ನಷ್ಟು ಗಟ್ಟಿಯಾಗಿ ಕೇಳಿಸುತ್ತದೆ.

ಇನ್ನು ಆಯ್ಕೆಯ ಮಾತು. ನಿಮ್ಮಲ್ಲಿ ಮೂರು ಸಾವಿರ ರೂಪಾಯಿ ಇದೆ ಎಂದಿಟ್ಟುಕೊಳ್ಳಿ. ಅಷ್ಟನ್ನೂ ಹೆಡ್‌ಫೋನಿಗೇ ಇಡಿ. ಮೊದಲು ಎಲ್ಲಿ ಕುಳಿತು ಕೇಳುತ್ತೀರಿ ಎಂಬುದನ್ನು ನಿರ್ಧರಿಸಿ. ಬೆನ್ನು ಮುಚ್ಚಿದ ಹೆಡ್‌ಫೋನು ಹೊರಗಿನ ಗದ್ದಲವನ್ನು ತಡೆಯುತ್ತದೆ, ಒಳಗಿನ ಸದ್ದು ಪಕ್ಕದವರಿಗೆ ಕೇಳದಂತೆ ಮಾಡುತ್ತದೆ. ಬೆನ್ನು ತೆರೆದದ್ದರಲ್ಲಿ ಧ್ವನಿ ವಿಶಾಲವಾಗಿ, ಸಹಜವಾಗಿ ಕೇಳಿಸುತ್ತದೆ, ಕಿವಿಗೆ ಗಾಳಿಯಾಡುತ್ತದೆ. ಆದರೆ ಅದು ಏಕಾಂತದ ಕೋಣೆಗೆ ಮಾತ್ರ. ಬಸ್ಸಿನಲ್ಲಿ, ಮೆಟ್ರೋದಲ್ಲಿ ಕೇಳುವವರಿಗೆ ಕಿವಿಯೊಳಗೆ ಕೂರುವ ಇಯರ್‌ಫೋನು ಅನುಕೂಲ. ಅದರ ಜೊತೆಗೆ ಬರುವ ಸಣ್ಣ, ಮಧ್ಯಮ, ದೊಡ್ಡ ರಬ್ಬರ್ ತುದಿಗಳನ್ನು ಒಂದೊಂದಾಗಿ ಹಾಕಿ ನೋಡಿ. ತುದಿ ಸಡಿಲವಾದರೆ ಮಂದ್ರದ ನಾದವೆಲ್ಲ ಸೋರಿಹೋಗುತ್ತದೆ. "ಇದರಲ್ಲಿ ಬೇಸ್ ಇಲ್ಲ" ಎಂದು ಜನ ಬೇಸರಿಸುವ ಎಷ್ಟೋ ಇಯರ್‌ಫೋನುಗಳಲ್ಲಿ ಕೊರತೆ ಇರುವುದು ತುದಿಯ ಅಳತೆಯಲ್ಲಿ.

ಸರಿಯಾಗಿ ಕೂರುವುದಕ್ಕೂ ಕಿವಿಯ ಆರೋಗ್ಯಕ್ಕೂ ನೇರ ಸಂಬಂಧವಿದೆ. ಹೊರಗಿನ ಗದ್ದಲ ಒಳಬಂದರೆ ಅದನ್ನು ಮೀರಿಸಲು ನಾವು ವಾಲ್ಯೂಮ್ ಏರಿಸುತ್ತೇವೆ. ಚೆನ್ನಾಗಿ ಮುಚ್ಚಿಕೊಂಡರೆ ಮೆಲ್ಲಗೆ ಇಟ್ಟರೂ ಎಲ್ಲವೂ ಕೇಳಿಸುತ್ತದೆ. ಒಳ್ಳೆಯ ಗಾದಿಗೆ, ಒಳ್ಳೆಯ ತುದಿಗೆ ಕೊಟ್ಟ ಹಣ ಸದ್ದನ್ನು ಇಳಿಸುತ್ತದೆ. ಬೇಡದ ಆಂಪ್ಲಿಫೈಯರಿಗೆ ಕೊಟ್ಟ ಹಣ ಸದ್ದನ್ನು ಏರಿಸುವ ಆಸೆ ಹುಟ್ಟಿಸುತ್ತದೆ. ನಮ್ಮ ಒಳಕಿವಿಯಲ್ಲಿ ಸದ್ದನ್ನು ಗ್ರಹಿಸುವ ಕೂದಲಿನಂಥ ಸೂಕ್ಷ್ಮ ಕೋಶಗಳು ಒಂದೊಂದು ಕಿವಿಗೆ ಸುಮಾರು 15,000 ಇವೆ. ಸತ್ತವು ಮತ್ತೆ ಹುಟ್ಟುವುದಿಲ್ಲ. ಕೇಳಿದ ಮೇಲೆ ಕಿವಿಯಲ್ಲಿ ಗುಂಯ್‌ಗುಡುವಿಕೆ ಉಳಿದರೆ, ಎದುರಿನವರ ಮಾತು ಮಂಕಾಗಿ ಕೇಳಿಸಿದರೆ ಅದೇ ಎಚ್ಚರಿಕೆಯ ಗಂಟೆ. ಅದು ಮರಳಿ ಮರಳಿ ಬಂದರೆ ಕಿವಿಯ ವೈದ್ಯರನ್ನು ಕಾಣಬೇಕು. ರಸ್ತೆ ದಾಟುವಾಗ, ರೈಲುಹಳಿಯ ಬಳಿ, ವಾಹನ ನಡೆಸುವಾಗ ಹೆಡ್‌ಫೋನ್ ತೆಗೆದಿಡಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಡಬ್ಬಿಯ ಮೇಲಿನ ಆಡಂಬರಕ್ಕೆ ಮರುಳಾಗಬೇಡಿ. "5ರಿಂದ 40,000 ಹರ್ಟ್ಸ್" ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಎಳೆಯ, ಆರೋಗ್ಯವಂತ ಕಿವಿ ಕೇಳುವುದೇ 20ರಿಂದ 20,000 ಹರ್ಟ್ಸ್‌ವರೆಗೆ. ವಯಸ್ಸಾದಂತೆ ಮೇಲಿನ ಮಿತಿ ಇನ್ನೂ ಇಳಿಯುತ್ತದೆ. ಅದರ ಬದಲು ಬಾಳಿಕೆಯನ್ನು ನೋಡಿ. ತಂತಿಯನ್ನು ಬಿಚ್ಚಿ ಬದಲಿಸಬಹುದೇ? ಕಿವಿಯ ಗಾದಿ ಬಿಡಿಯಾಗಿ ಸಿಗುತ್ತದೆಯೇ? ಕೃತಕ ಚರ್ಮದ ಗಾದಿ ಬೆವರಿಗೆ, ಮಳೆಗಾಲದ ತೇವಕ್ಕೆ ಕೆಲವು ವರ್ಷಗಳಲ್ಲಿ ಸಿಪ್ಪೆ ಸುಲಿಯುತ್ತದೆ. ತಂತಿ ಮೊದಲು ಕಡಿಯುವುದು ಪ್ಲಗ್ಗಿನ ಬುಡದಲ್ಲಿ. ಈ ಎರಡನ್ನೂ ಬದಲಿಸಬಹುದಾದರೆ ಒಂದೇ ಹೆಡ್‌ಫೋನು ಹತ್ತು ವರ್ಷ ಬರುವುದೂ ಉಂಟು. ಹೆಸರಾಂತ ಮಾದರಿಗಳ ನಕಲುಗಳು ಮಾರುಕಟ್ಟೆಯಲ್ಲಿವೆ. ಬೆಲೆ ನಂಬಲಾಗದಷ್ಟು ಕಡಿಮೆಯಿದ್ದರೆ ನಂಬಬೇಡಿ. ರಸೀದಿ ಮತ್ತು ವಾರಂಟಿ ಪತ್ರವನ್ನು ಕೇಳಿ ಪಡೆಯಿರಿ.

ಸಾಧ್ಯವಿದ್ದಲ್ಲಿ ಕೇಳಿ ನೋಡಿಯೇ ಕೊಳ್ಳಿ. ಬೆಂಗಳೂರಿನ ಎಸ್‌.ಪಿ. ರಸ್ತೆಯೇ ಇರಲಿ, ನಿಮ್ಮ ಊರಿನ ಅಂಗಡಿಯೇ ಇರಲಿ, ಅಲ್ಲಿನವರು ಹಾಕುವ ಅಬ್ಬರದ ಹಾಡಿನಿಂದ ಏನೂ ತಿಳಿಯುವುದಿಲ್ಲ. ನೀವು ನೂರು ಸಲ ಕೇಳಿರುವ, ಬಾಯಿಪಾಠವಾಗಿರುವ ಮುದ್ರಿಕೆಯನ್ನು ನಿಮ್ಮ ಫೋನಿನಲ್ಲೇ ಒಯ್ಯಿರಿ. ತಂಬೂರಿಯ ಶ್ರುತಿ ಹಾಡುಗಾರರ ಹಿಂದೆ ಎಡೆಬಿಡದೆ ಕೇಳುತ್ತದೆಯೇ? ವೀಣೆಯ ಮೀಟು ಮತ್ತು ಅದರ ನಂತರದ ಗಮಕ ಬೇರೆಬೇರೆಯಾಗಿ ತಿಳಿಯುತ್ತವೆಯೇ? ಮೃದಂಗದ ಎಡಮುಖದ ಗಂಭೀರ ನಾದ ಹಾಡುಗಾರರ ಸಾಹಿತ್ಯವನ್ನು ನುಂಗುತ್ತದೆಯೇ? ಎರಡು ಹೆಡ್‌ಫೋನುಗಳನ್ನು ಹೋಲಿಸುವಾಗ ಎರಡರಲ್ಲೂ ಸದ್ದು ಒಂದೇ ಮಟ್ಟದಲ್ಲಿರಲಿ. ಸ್ವಲ್ಪ ಗಟ್ಟಿಯಾಗಿ ಹಾಡುವುದೇ ಉತ್ತಮವೆಂದು ಕಿವಿ ಮೋಸಹೋಗುತ್ತದೆ. ಹತ್ತು ನಿಮಿಷ ತಲೆಯ ಮೇಲಿಟ್ಟುಕೊಂಡೇ ಇರಿ. ಕನ್ನಡಕ ಹಾಕುವವರು ಕನ್ನಡಕದೊಂದಿಗೇ ನೋಡಬೇಕು. ಹತ್ತು ನಿಮಿಷದಲ್ಲಿ ನೋಯುವುದು ಒಂದು ಗಂಟೆಯ ಕಚೇರಿಗೆ ಒದಗಿಬರಲಾರದು.

ಹೀಗೆ ಆರಿಸಿದ ಹೆಡ್‌ಫೋನನ್ನು ಮನೆಗೆ ತಂದು ಮೂರು ತಿಂಗಳು ಕೇಳಿ. ಆಂಪ್ಲಿಫೈಯರ್ ಬೇಕೆನಿಸಿದರೆ ಅಂಗಡಿ ಎಲ್ಲಿಗೂ ಓಡಿಹೋಗುವುದಿಲ್ಲ. ಬೇಡವೆನಿಸಿದರೆ ಆ ಹಣದಲ್ಲಿ ಒಂದು ಜೊತೆ ಹೊಸ ಗಾದಿಯನ್ನೋ, ಒಂದು ಒಳ್ಳೆಯ ಕಚೇರಿಯ ಟಿಕೇಟನ್ನೋ ಕೊಳ್ಳಬಹುದು.