ಸಿಡಿಯದ ನೆಲಬಾಂಬುಗಳು

ಅಂಚೆಚೀಟಿ, ಹಳೆಯ ನಾಣ್ಯ, ಓಲೆಗರಿ, ಹಿತ್ತಾಳೆಯ ದೀಪ ಹೀಗೆ ಮನುಷ್ಯ ಸಂಗ್ರಹಿಸದ ವಸ್ತುವಿಲ್ಲ. ಸಂಗ್ರಹದ ಹಿಂದೆ ಸೌಂದರ್ಯದ ಮೋಹವೋ, ಅಪೂರ್ವತೆಯ ಹೆಮ್ಮೆಯೋ, ಹಿಂದಿನವರ ಬದುಕನ್ನು ತಿಳಿಯುವ ಕುತೂಹಲವೋ ಇರುವುದು ಸಾಮಾನ್ಯ. ಆದರೆ ಯೂರೋಪು ಅಮೆರಿಕಗಳಲ್ಲಿ ಒಂದು ಸಣ್ಣ ವರ್ಗದ ಸಂಗ್ರಾಹಕರಿದ್ದಾರೆ. ಅವರ ಕಪಾಟುಗಳಲ್ಲಿ ಇರುವುದು ನೆಲಬಾಂಬುಗಳು. ಸಿಡಿಯುವ ಬಾಂಬುಗಳಲ್ಲ, ಸೈನಿಕರ ಶಿಕ್ಷಣಕ್ಕೆಂದೇ ತಯಾರಾದ, ಮದ್ದಿಲ್ಲದ ಬಾಂಬುಗಳು. ಇದೆಂಥ ಹವ್ಯಾಸ ಎಂದು ಕೇಳುಗರಿಗೆ ಅನ್ನಿಸಿದರೆ ಅದು ಸಹಜವೇ. ಕೊಲ್ಲುವುದಕ್ಕಾಗಿ ಹುಟ್ಟಿದ ವಸ್ತುವಿನ ಪ್ರತಿಕೃತಿಯನ್ನು ಧೂಳೊರಸಿ ಜೋಪಾನ ಮಾಡುವುದರಲ್ಲಿ ಏನು ಅರ್ಥವಿದೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಆ ವಸ್ತುವಿನ ಚರಿತ್ರೆಯನ್ನು ನೋಡೋಣ.

ಮೊದಲು ಶಬ್ದದ ವಿಚಾರ. ಇಂಗ್ಲಿಷಿನ ‘ಮೈನ್’ ಎಂಬುದಕ್ಕೆ ಗಣಿ ಎಂದೂ ಅರ್ಥ, ನೆಲಬಾಂಬು ಎಂದೂ ಅರ್ಥ. ಕೋಟೆಗೋಡೆಯ ಬುಡಕ್ಕೆ ಸುರಂಗ ತೋಡಿ ಅದನ್ನು ಕೆಡಹುವ ವಿದ್ಯೆ ಸಿಡಿಮದ್ದಿಗಿಂತ ಹಳೆಯದು. ಮದ್ದು ಬಂದ ಮೇಲೆ ಅದೇ ಸುರಂಗದಲ್ಲಿ ಮದ್ದು ತುಂಬಿ ಬೆಂಕಿಯಿಟ್ಟರು. ಕಾಲಕ್ರಮದಲ್ಲಿ ಸುರಂಗ ಹೋಯಿತು, ಹೆಸರು ಉಳಿಯಿತು. ಹಿಂದಿಯವರು ನೆಲಬಾಂಬನ್ನು ಇಂದಿಗೂ ‘ಬಾರೂದಿ ಸುರಂಗ’ ಎನ್ನುತ್ತಾರೆ. ಈ ‘ಸುರಂಗ’ವೂ ಗ್ರೀಕಿನ ‘ಸಿರಿಂಕ್ಸ್’ ಶಬ್ದದಿಂದ ಸಂಸ್ಕೃತಕ್ಕೆ ಬಂದಿರಬೇಕೆಂದು ಭಾಷಾಶಾಸ್ತ್ರಜ್ಞರು ಊಹಿಸುತ್ತಾರೆ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದರ ಪ್ರಯೋಗವುಂಟು. ಅರಗಿನ ಮನೆಯ ಪ್ರಸಂಗ ನಮಗೆಲ್ಲ ಗೊತ್ತು. ವಿದುರನು ಕಳುಹಿಸಿದ ಕುಶಲಿಯೊಬ್ಬ ನೆಲದೊಳಗೆ ತೋಡಿದ ಸುರಂಗ ಪಾಂಡವರ ಪ್ರಾಣವನ್ನು ಕಾಯಿತು. ಅದೇ ಶಬ್ದ ಮುಂದೆ ದಾರಿಹೋಕನ ಪ್ರಾಣ ತೆಗೆಯುವ ವಸ್ತುವಿಗೂ ಸಂದದ್ದು ಒಂದು ವಿಪರ್ಯಾಸ.

ಇಂದಿನ ಅರ್ಥದ ನೆಲಬಾಂಬು ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ ಸ್ಪಷ್ಟರೂಪ ತಾಳಿತು. 1862ರಲ್ಲಿ ದಕ್ಷಿಣ ಪಕ್ಷದ ಸೇನಾಧಿಕಾರಿ ಗೇಬ್ರಿಯಲ್ ರೇನ್ಸ್, ಯಾರ್ಕ್‌ಟೌನಿನಿಂದ ಹಿಮ್ಮೆಟ್ಟುವಾಗ ಫಿರಂಗಿಯ ಗುಂಡುಗಳನ್ನು ನೆಲದಲ್ಲಿ ಹೂತು, ತುಳಿದರೆ ಸಿಡಿಯುವಂತೆ ಮಾಡಿದ. ಅವನ ಪಕ್ಷದ ದಂಡನಾಯಕರೇ ಇದು ವೀರರಿಗೆ ತಕ್ಕುದಲ್ಲವೆಂದು ಆಕ್ಷೇಪಿಸಿದರು. ಎರಡು ವರ್ಷಗಳ ಬಳಿಕ ಜಾರ್ಜಿಯಾದಲ್ಲಿ ಇಂಥ ಬಾಂಬಿಗೆ ತನ್ನ ಅಧಿಕಾರಿಯೊಬ್ಬ ಕಾಲು ಕಳೆದುಕೊಂಡದ್ದನ್ನು ಕಂಡ ಉತ್ತರ ಪಕ್ಷದ ಸೇನಾಪತಿ ಶರ್ಮನ್, ಇದನ್ನು ಯುದ್ಧಧರ್ಮಕ್ಕೆ ಹೊರತಾದ ಕೊಲೆಯೆಂದೇ ಬಗೆದ. ಉಳಿದ ಬಾಂಬುಗಳನ್ನು ಸೆರೆಸಿಕ್ಕ ಶತ್ರುಸೈನಿಕರಿಂದಲೇ ಅಗೆಸಿದ. ಆಯುಧ ಹುಟ್ಟಿದ ಗಳಿಗೆಯಲ್ಲೇ ಅದರ ಅಧರ್ಮದ ಅರಿವೂ ಹುಟ್ಟಿತ್ತು ಎಂಬುದು ಗಮನಿಸತಕ್ಕ ಸಂಗತಿ. ಆ ಅರಿವು ಆಯುಧವನ್ನು ತಡೆಯಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ನೆಲಬಾಂಬು ಲಕ್ಷ ಲಕ್ಷಗಳ ಲೆಕ್ಕಕ್ಕೆ ಏರಿತು. ಜರ್ಮನರ ‘ಟೆಲ್ಲರ್‌ಮೀನೆ’ ಟ್ಯಾಂಕುಗಳಿಗಾಗಿ ಮಾಡಿದ್ದು. ‘ಟೆಲ್ಲರ್’ ಎಂದರೆ ಊಟದ ತಟ್ಟೆ. ಆಕಾರವೂ ಹಾಗೆಯೇ, ಒಳಗೆ ಸುಮಾರು 5.5 ಕಿಲೋಗ್ರಾಂ ಮದ್ದು. ಇಂಥವನ್ನು ಶತ್ರುಗಳು ಕಿತ್ತೊಯ್ಯದಂತೆ ಕಾಯಲು ಸುತ್ತಲೂ ಮನುಷ್ಯರಿಗಾಗಿ ಮಾಡಿದ ಸಣ್ಣ ಬಾಂಬುಗಳನ್ನು ಹೂಳುತ್ತಿದ್ದರು. ಅವುಗಳಲ್ಲಿ ‘ಎಸ್-ಮೀನೆ’ ಕುಖ್ಯಾತವಾದುದು. ತುಳಿದರೆ ನೆಲದಿಂದ ಚಿಮ್ಮಿ, ಸೊಂಟದ ಎತ್ತರಕ್ಕೆ ಬಂದು ಸಿಡಿದು, ಉಕ್ಕಿನ ಗುಂಡುಗಳನ್ನು ಸುತ್ತಲೂ ಎರಚುತ್ತಿತ್ತು.

ಸಂಗ್ರಾಹಕನ ಕಪಾಟಿನ ಸಾಲನ್ನು ನೋಡುತ್ತ ಹೋದರೆ ಒಂದು ಕಥೆ ಬಿಚ್ಚಿಕೊಳ್ಳುತ್ತದೆ. ಮೊದಲು ಉಕ್ಕಿನ ಬಾಂಬುಗಳು. ಸ್ಕಾಟ್ಲೆಂಡಿನಲ್ಲಿ ನೆಲೆಸಿದ್ದ ಪೋಲೆಂಡಿನ ಸೈನ್ಯಾಧಿಕಾರಿ ಯೂಸೆಫ್ ಕೊಸಾತ್ಸ್ಕಿ ಲೋಹವನ್ನು ಪತ್ತೆಹಚ್ಚುವ ಕೈಯಂತ್ರವೊಂದನ್ನು ರೂಪಿಸಿ, ಹಕ್ಕುಸ್ವಾಮ್ಯವನ್ನು ಕೇಳದೆ ಬ್ರಿಟಿಷ್ ಸೈನ್ಯಕ್ಕೆ ಕೊಟ್ಟುಬಿಟ್ಟ. 1942ರ ಎಲ್ ಅಲಮೈನ್ ಕಾಳಗದಲ್ಲಿ, ರೊಮ್ಮೆಲ್‌ನ ಸೈನ್ಯ ‘ಸೈತಾನನ ತೋಟ’ಗಳೆಂದು ಕರೆದ ಬಾಂಬಿನ ಬಯಲುಗಳಲ್ಲಿ, ಆ ಯಂತ್ರ ದಾರಿ ಬಿಡಿಸಿತು. ಇದಕ್ಕೆ ಎದುರು ಜರ್ಮನರು ಮರದ ಪೆಟ್ಟಿಗೆಯಲ್ಲಿ 200 ಗ್ರಾಂ ಮದ್ದಿಟ್ಟ ‘ಷೂ-ಮೀನೆ’ಯನ್ನು ತಂದರು, ಬಳಿಕ ಗಾಜಿನ ಬಾಂಬನ್ನೂ ಮಾಡಿದರು. ಉಕ್ಕಿನ ಅಭಾವವೂ ಯಂತ್ರದ ಕಣ್ಣು ತಪ್ಪಿಸುವ ಹಂಚಿಕೆಯೂ ಇಲ್ಲಿ ಒಂದಾದವು. ಯುದ್ಧ ಮುಗಿದ ಮೇಲೆ ಪ್ಲಾಸ್ಟಿಕ್ಕಿನ ಸರದಿ. ಉಕ್ಕು, ಮರ, ಗಾಜು, ಪ್ಲಾಸ್ಟಿಕ್ಕು ಎಂಬ ಈ ಕ್ರಮದಲ್ಲಿ, ಅಡಗಿಸುವ ಬುದ್ಧಿಗೂ ಹುಡುಕುವ ಬುದ್ಧಿಗೂ ನಡೆದ ಸ್ಪರ್ಧೆಯ ಇಡೀ ಚರಿತ್ರೆ ಇದೆ. ಪುಸ್ತಕದಲ್ಲಿ ಓದಿದಾಗ ಇದು ತಲೆಗೆ ಹತ್ತುತ್ತದೆ. ವಸ್ತುಗಳ ಸಾಲಿನಲ್ಲಿ ಕಂಡಾಗ ಎದೆಗೆ ತಾಕುತ್ತದೆ.

ಶಿಕ್ಷಣದ ಬಾಂಬುಗಳೇ ಏಕೆ ಎಂದರೆ ಕಾರಣ ಸರಳ. ನಿಜವಾದ ನೆಲಬಾಂಬು ಸಿಡಿದರೆ ಚೂರಾಗುತ್ತದೆ. ಸಿಡಿಯುವ ಮುನ್ನ ಸಿಕ್ಕರೆ ಅದನ್ನು ನಾಶಮಾಡುತ್ತಾರೆ. ಹೀಗಾಗಿ ಕಪಾಟಿಗೆ ಬರುವುದು ಬಹುಮಟ್ಟಿಗೆ ಕೊಲ್ಲದೆ ಇದ್ದ ಬಾಂಬು. ಇವುಗಳಲ್ಲಿ ಎರಡು ಜಾತಿ. ಒಂದು, ಕವಾಯತಿನ ಬಾಂಬು. ಮದ್ದಿನ ಬದಲು ಅದೇ ತೂಕದ ನಿರುಪದ್ರವಿ ವಸ್ತುವನ್ನು ತುಂಬಿರುತ್ತಾರೆ. ಕತ್ತಲಲ್ಲಿ ಕೈಯಿಂದಲೇ ಗುರುತಿಸಿ, ಹೂಳಲೂ ತೆಗೆಯಲೂ ಕಲಿಯಬೇಕಾದ ಸೈನಿಕನಿಗೆ ಆಕಾರವೂ ಭಾರವೂ ನಿಜದಂತೆಯೇ ಇರಬೇಕಷ್ಟೆ. ಇನ್ನೊಂದು, ಅಭ್ಯಾಸದ ಬಾಂಬು. ತಪ್ಪು ಹೆಜ್ಜೆಯಿಟ್ಟರೆ ಹೊಗೆಯನ್ನೋ ಸದ್ದನ್ನೋ ಹೊರಡಿಸುತ್ತದೆ; ಕಲಿಯುವವನು ತಾನು ಸತ್ತೆನೆಂದು ತಿಳಿದು, ಬದುಕಿ, ಮತ್ತೆ ಮೊದಲಿನಿಂದ ಆರಂಭಿಸುತ್ತಾನೆ. ತರಗತಿಯಲ್ಲಿ ಒಳಗಿನ ಕೀಲುಗಳು ಕಾಣುವಂತೆ ಪಕ್ಕವನ್ನು ಕತ್ತರಿಸಿ ಇಟ್ಟ ಮಾದರಿಗಳೂ ಉಂಟು. ಬಣ್ಣ, ಕಾರ್ಖಾನೆಯ ಮುದ್ರೆ, ತಯಾರಾದ ವರ್ಷ, ಮೈಮೇಲೆ ಕೊರೆದ ತೂತು ಇವೆಲ್ಲ ಸಂಗ್ರಾಹಕನಿಗೆ ಶಾಸನದ ಅಕ್ಷರಗಳಿದ್ದಂತೆ.

ಅಕ್ಷರದ ಮಾತು ಬಂದದ್ದರಿಂದ ಎರಡು ಉದಾಹರಣೆ. ಅಮೆರಿಕದ ‘ಕ್ಲೇಮೋರ್’ ಬಾಂಬಿನ ಮುಖದ ಮೇಲೆ, ಈ ಮುಖ ಶತ್ರುವಿನ ಕಡೆಗಿರಲಿ ಎಂಬರ್ಥದ ಮೂರೇ ಮೂರು ಇಂಗ್ಲಿಷ್ ಪದಗಳು ಉಬ್ಬಿಕೊಂಡಿರುತ್ತವೆ. ಒಳಗೆ 700 ಉಕ್ಕಿನ ಗುಂಡುಗಳು. ಶಿಕ್ಷಣಕ್ಕಾಗಿ ಮಾಡಿದ ಅದರ ನೀಲಿ ಬಣ್ಣದ ಮಾದರಿಯೂ ಅದೇ ಆಕಾರದ್ದು. ಎರಡನೆಯದು, 1980ರ ದಶಕದಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನದಲ್ಲಿ ಆಕಾಶದಿಂದ ಚೆಲ್ಲಿದ, ಚಿಟ್ಟೆಯ ರೆಕ್ಕೆಯಂಥ ಸಣ್ಣ ಪ್ಲಾಸ್ಟಿಕ್ ಬಾಂಬು. ಆಟದ ಸಾಮಾನೆಂದು ಎತ್ತಿಕೊಂಡ ಮಕ್ಕಳು ಅದಕ್ಕೆ ಬಲಿಯಾದರು. ಅದರ ಶಿಕ್ಷಣದ ಮಾದರಿಯನ್ನು ಗುರುತಿಸುವುದು ರೆಕ್ಕೆಯ ಮೇಲಿನ ಒಂದು ರಷ್ಯನ್ ಅಕ್ಷರದಿಂದ. ‘ಕಲಿಕೆಯದು’ ಎಂಬರ್ಥದ ಪದದ ಮೊದಲ ಅಕ್ಷರ ಅದು. ಅಕ್ಷರ ಬಲ್ಲವರಿಗೆ ಅದು ಪಾಠ. ಅರಿಯದ ಮಗುವಿಗೆ ಎರಡೂ ಒಂದೇ.

ಇಲ್ಲಿ ಎಚ್ಚರಿಕೆಯ ಒಂದು ಮಾತು ಅಗತ್ಯ. ಬಣ್ಣ ಮಾಸುತ್ತದೆ, ತುಕ್ಕು ಮುದ್ರೆಯನ್ನು ಅಳಿಸುತ್ತದೆ. ನೀಲಿ ಬಣ್ಣವಾಗಲಿ ತೂತಾಗಲಿ ಮದ್ದಿಲ್ಲವೆಂಬುದಕ್ಕೆ ಪ್ರಮಾಣವಲ್ಲ. ಪರಿಣತರು ಪರೀಕ್ಷಿಸಿ ದೃಢಪಡಿಸಿದ ವಸ್ತುವನ್ನಲ್ಲದೆ ಬೇರೊಂದನ್ನು ಜವಾಬ್ದಾರಿಯುಳ್ಳ ಸಂಗ್ರಾಹಕ ಮುಟ್ಟುವುದಿಲ್ಲ. ಹೊಲದಲ್ಲೋ ಗುಜರಿಯಲ್ಲೋ ಇಂಥದು ಕಂಡರೆ ದೂರ ಸರಿದು ಪೊಲೀಸರಿಗೆ ತಿಳಿಸುವುದೊಂದೇ ವಿವೇಕ.

ಈ ಚರಿತ್ರೆ ನಮಗೆ ದೂರದ್ದೆಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನ ಹಲಸೂರು ಕೆರೆಯ ಬಳಿಯಲ್ಲಿರುವ ಮದರಾಸು ಸ್ಯಾಪರ್ಸ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಮುಳ್ಳುತಂತಿಯ ಬೇಲಿಯನ್ನು ಹರಿಯಲು ಮದ್ದು ತುಂಬಿದ ಉದ್ದನೆಯ ಕೊಳವೆಯನ್ನು ರೂಪಿಸಿದ. ‘ಬೆಂಗಳೂರು ಟಾರ್ಪೆಡೊ’ ಎಂದು ಲೋಕಪ್ರಸಿದ್ಧವಾದ ಅದನ್ನು ಮುಂದೆ ಬಾಂಬಿನ ಬಯಲಿನಲ್ಲಿ ದಾರಿ ತೆರೆಯಲೂ ಬಳಸಿದರು. ಅದೇ ದಳದ ಸುಬೇದಾರ್ ಸುಬ್ರಮಣಿಯನ್ 1944ರ ಫೆಬ್ರವರಿ 24ರಂದು ಇಟಲಿಯಲ್ಲಿ ದಾರಿ ಬಿಡಿಸುತ್ತಿದ್ದಾಗ ಸಂಗಡಿಗನೊಬ್ಬನ ಕಾಲಿಗೆ ಬಾಂಬು ಸಿಕ್ಕಿತು. ಅದು ಸಿಡಿಯಲು ಕೆಲವೇ ಕ್ಷಣಗಳಿದ್ದವು. ಆತ ಅದರ ಮೇಲೆ ತನ್ನ ಮೈಯನ್ನೇ ಒಡ್ಡಿ ಉಳಿದವರನ್ನು ಕಾಯ್ದ. ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಸಂದಿತು. ಇನ್ನೊಬ್ಬರು, ಬೊಂಬಾಯಿ ಸ್ಯಾಪರ್ಸ್ ದಳದ ಪ್ರೇಮೀಂದ್ರ ಸಿಂಗ್ ಭಗತ್. 1941ರಲ್ಲಿ ಅಬಿಸೀನಿಯದ ದಾರಿಯಲ್ಲಿ ನಾಲ್ಕು ದಿನಗಳ ಕಾಲ, 55 ಮೈಲಿಯುದ್ದಕ್ಕೂ, 15 ಬಾಂಬಿನ ಬಯಲುಗಳನ್ನು ಪತ್ತೆಹಚ್ಚಿ ತೆಗೆಸಿದರು. ಕಿವಿಯ ತಮಟೆ ಒಡೆದರೂ ಕೆಲಸ ಬಿಡಲಿಲ್ಲ. ಅವರಿಗೆ ವಿಕ್ಟೋರಿಯಾ ಕ್ರಾಸ್ ದೊರೆಯಿತು. ಕೊಂದುದಕ್ಕಲ್ಲ, ದಾರಿಯನ್ನು ನಿರ್ಭಯ ಮಾಡಿದುದಕ್ಕೆ ದೊರೆತ ಮನ್ನಣೆಗಳಿವು.

ನೆಲಬಾಂಬಿಗೆ ಕದನವಿರಾಮ ತಿಳಿಯದು. ಡೆನ್ಮಾರ್ಕಿನ ಕಡಲತೀರದ ಬಾಂಬುಗಳನ್ನು 1945ರಲ್ಲಿ ಜರ್ಮನ್ ಸೈನಿಕರಿಂದಲೇ ತೆಗೆಸಿದರು. ಆದರೂ ಸ್ಕಾಲಿಂಗೆನ್ ಎಂಬ ಭಾಗ ಸಂಪೂರ್ಣ ಶುದ್ಧವಾದುದು 2012ರಲ್ಲಿ. ಲೋಕದ ಮನಸ್ಸಾಕ್ಷಿ ಕೊನೆಗೆ ಎಚ್ಚೆತ್ತು, ಮನುಷ್ಯರ ಮೇಲೆ ಪ್ರಯೋಗಿಸುವ ನೆಲಬಾಂಬನ್ನು ನಿಷೇಧಿಸುವ ಒಪ್ಪಂದಕ್ಕೆ 1997ರ ಡಿಸೆಂಬರಿನಲ್ಲಿ ಒಟ್ಟಾವಾದಲ್ಲಿ ಸಹಿ ಬಿದ್ದಿತು. ಅದಕ್ಕಾಗಿ ದುಡಿದ ಜೋಡಿ ವಿಲಿಯಮ್ಸ್ ಮತ್ತು ಅವರ ಚಳವಳಿಗೆ ಆ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಬಂದಿತು. 160ಕ್ಕೂ ಹೆಚ್ಚು ರಾಷ್ಟ್ರಗಳು ಅದನ್ನು ಒಪ್ಪಿದವು. ಅಮೆರಿಕ, ರಷ್ಯ, ಚೀನ, ಪಾಕಿಸ್ತಾನಗಳಂತೆ ಭಾರತವೂ ಅದರ ಹೊರಗಿದೆ. ಬಾಂಬು ತೆಗೆಯುವ ಶಿಕ್ಷಣಕ್ಕೆ ಅಗತ್ಯವಾದಷ್ಟನ್ನು ಮಾತ್ರ ಇಟ್ಟುಕೊಳ್ಳಲು ಆ ಒಪ್ಪಂದದ ಮೂರನೆಯ ವಿಧಿ ಅವಕಾಶ ಕೊಟ್ಟಿತು. ಕೊಲ್ಲಲು ಕಲಿಸುವುದಕ್ಕೆ ಹುಟ್ಟಿದ ಪಾಠದ ವಸ್ತು ಈಗ ಉಳಿಸಲು ಕಲಿಸುವುದಕ್ಕೂ ಬೇಕಾಗಿದೆ. ಆದರೆ 2025ರಲ್ಲಿ ಪೋಲೆಂಡ್, ಫಿನ್‌ಲೆಂಡ್ ಮತ್ತು ಬಾಲ್ಟಿಕ್ ತೀರದ ಮೂರು ರಾಷ್ಟ್ರಗಳು ನೆರೆಯ ಯುದ್ಧದ ಭೀತಿಯಿಂದ ಒಪ್ಪಂದದಿಂದ ಹೊರಬರಲು ನಿರ್ಧರಿಸಿದವು. ಲೋಹಪತ್ತೆಯ ಯಂತ್ರವನ್ನು ಬೆಲೆಯಿಲ್ಲದೆ ಕೊಟ್ಟ ಕೊಸಾತ್ಸ್ಕಿಯ ನಾಡೂ ಅವುಗಳಲ್ಲೊಂದು.

ಈಗ ಮೊದಲ ಪ್ರಶ್ನೆ. ಇಂಥ ಸಂಗ್ರಹಕ್ಕೆ ಅರ್ಥವುಂಟೇ? ಯಂತ್ರಕೌಶಲದ ಮೆಚ್ಚುಗೆಯಲ್ಲೇ ಅದು ಮುಗಿದರೆ ಅರ್ಥ ಕಡಿಮೆ. ಕಾಂಬೋಡಿಯದಲ್ಲಿ ಅಕಿ ರಾ ಎಂಬುವರು ಬಾಲ್ಯದಲ್ಲೇ ಸೈನ್ಯಕ್ಕೆ ಸಿಕ್ಕಿ ನೆಲಬಾಂಬು ಹೂತವರು. ಮುಂದೆ ತಮ್ಮ ಕೈಯಿಂದಲೇ ಬಾಂಬುಗಳನ್ನು ತೆಗೆದು ನಿಷ್ಕ್ರಿಯಗೊಳಿಸಿ, ಸಿಯೆಮ್ ರೀಪ್ ಪಟ್ಟಣದ ಬಳಿ ಅವುಗಳ ಸಂಗ್ರಹಾಲಯವನ್ನು ಕಟ್ಟಿದರು. ಬಾಂಬಿನಿಂದ ಅಂಗಹೀನರಾದ ಮಕ್ಕಳಿಗೂ ಅದರ ಜೊತೆಯಲ್ಲೇ ಆಶ್ರಯ ದೊರೆಯಿತು. ಅಲ್ಲಿ ವಸ್ತುವನ್ನು ನೋಡಿದವನಿಗೆ ಅದು ಮಾಡಿದ ಕೆಲಸವೂ ಕಾಣುತ್ತದೆ. ಸಂಗ್ರಾಹಕನ ಕಪಾಟಿನಲ್ಲಿ ಬಾಂಬು ಇದೆ, ತುಳಿದವನಿಲ್ಲ. ಆ ಇಲ್ಲದವನನ್ನು ನೆನಪಿಗೆ ತರುವ ಶಕ್ತಿ ಇದ್ದರೆ ಮಾತ್ರ ಈ ಹವ್ಯಾಸ ಚರಿತ್ರೆಯ ಸೇವೆಯೆನಿಸುತ್ತದೆ. ಇಲ್ಲವಾದರೆ ಅದು ಬರಿಯ ಲೋಹದ ರಾಶಿ. ಕಪಾಟಿನ ಪ್ರತಿಯೊಂದು ಮಾದರಿಯ ಪಕ್ಕದಲ್ಲಿ ತಯಾರಾದ ವರ್ಷದೊಡನೆ, ಅದರ ನಿಜರೂಪ ಯಾವ ನೆಲದಲ್ಲಿ ಎಷ್ಟು ಕಾಲ ಉಳಿಯಿತೆಂಬುದನ್ನೂ ಬರೆದಿಡುವುದು ಒಳ್ಳೆಯ ಆರಂಭವಾದೀತು.